ವಾಸಾಚ್ ತಪ್ಪಲಿನ ಗುಮ್ಮಟ

ಅಮೆರಿಕದ ಯೂಟಾ ರಾಜ್ಯದ ರಾಜಧಾನಿಯಾದ ಸಾಲ್ಟ್ ಲೇಕ್ ಸಿಟಿಯ ಪೂರ್ವದಿಕ್ಕಿಗೆ, ವಾಸಾಚ್ ಪರ್ವತಶ್ರೇಣಿಯು ಬಯಲಿಗೆ ಇಳಿಯುವ ತಪ್ಪಲಿನಲ್ಲಿ, 1850ರಲ್ಲಿ ಸ್ಥಾಪಿತವಾದ ಯೂಟಾ ವಿಶ್ವವಿದ್ಯಾನಿಲಯವು ಹಬ್ಬಿಕೊಂಡಿದೆ; ಅದರ ಪ್ರಾಂಗಣದಲ್ಲಿ, ರೈಲಿನ ಕೆಂಪು ಮಾರ್ಗದಿಂದಿಳಿದು ಸ್ವಲ್ಪ ದೂರ ನಡೆದರೆ ಎದುರಾಗುವ ವರ್ತುಲಾಕಾರದ, ಗುಮ್ಮಟ ಹೊತ್ತ ಕಟ್ಟಡವೇ ಜಾನ್ ಎಂ. ಹಂಟ್ಸ್‌ಮನ್ ಸೆಂಟರ್. 1969ರಲ್ಲಿ ತೆರೆದ, ಹದಿನೈದು ಸಾವಿರ ಆಸನಗಳುಳ್ಳ ಈ ಕ್ರೀಡಾಮಂದಿರವನ್ನು ಬ್ಯಾಸ್ಕೆಟ್‌ಬಾಲ್ ಪ್ರಿಯರು ನೆನೆಯುವುದು ಮ್ಯಾಜಿಕ್ ಜಾನ್ಸನ್ ಮತ್ತು ಲ್ಯಾರಿ ಬರ್ಡ್ ಇನ್ನೂ ಕಾಲೇಜು ಹುಡುಗರಾಗಿದ್ದಾಗ ಇಲ್ಲಿ ಸೆಣಸಿದ 1979ರ ಅಂತಿಮ ಪಂದ್ಯಕ್ಕಾಗಿ. ಆದರೆ ಜನವರಿಯಿಂದ ಮಾರ್ಚಿಯವರೆಗೆ, ಹೊರಗೆ ಹಿಮ ಸುರಿಯುತ್ತಿದ್ದರೂ ಲೆಕ್ಕಿಸದೆ, ಅಜ್ಜಿ ಮೊಮ್ಮಕ್ಕಳೆನ್ನದೆ ಜನರು ಜಾತ್ರೆಗೆ ಹೊರಟಂತೆ ಇತ್ತ ಹೊರಡುವುದು ಆ ನೆನಪಿಗಾಗಿ ಅಲ್ಲ. ರೆಡ್ ರಾಕ್ಸ್ ಎಂಬ ಹೆಸರಿನ ವಿದ್ಯಾರ್ಥಿನಿಯರ ಜಿಮ್ನಾಸ್ಟಿಕ್ಸ್ ತಂಡವನ್ನು ನೋಡುವುದಕ್ಕಾಗಿ.

ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂಬ ಶಾಸನವು 1972ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ಮೇಲೆ, ವಿಶ್ವವಿದ್ಯಾನಿಲಯಗಳು ಹೆಣ್ಣುಮಕ್ಕಳಿಗಾಗಿ ತಂಡಗಳನ್ನು ಕಟ್ಟಲೇಬೇಕಾಯಿತು. ಯೂಟಾದಲ್ಲಿ ಆ ಹೊಣೆಯು 1975ರಲ್ಲಿ ಗ್ರೆಗ್ ಮಾರ್ಸ್‌ಡೆನ್ ಎಂಬ ತರುಣನ ಪಾಲಿಗೆ ಬಂದಿತು. ಆತನಾಗ ಇನ್ನೂ ಓದುತ್ತಿದ್ದ ಸ್ನಾತಕೋತ್ತರ ವಿದ್ಯಾರ್ಥಿ. ತಾತ್ಕಾಲಿಕವೆಂದು ತೋರಿದ್ದಿರಬಹುದಾದ ಆ ಕೆಲಸದಲ್ಲಿ ಆತನು ನಲವತ್ತು ವರ್ಷ ನಿಂತನು. 1981ರಲ್ಲಿ ಮಹಿಳಾ ಕ್ರೀಡಾ ಸಂಘದ ಕಿರೀಟ, ಮರುವರ್ಷ ಎನ್‌ಸಿಎಎ ಎಂಬ ಕಾಲೇಜು ಕ್ರೀಡಾ ಸಂಸ್ಥೆಯು ಮಹಿಳೆಯರಿಗಾಗಿ ಮೊದಲ ಬಾರಿಗೆ ನಡೆಸಿದ ಚಾಂಪಿಯನ್‌ಷಿಪ್‌ನಲ್ಲಿ, ಅದೂ ಇದೇ ಗುಮ್ಮಟದ ಕೆಳಗೆ, ಮತ್ತೊಂದು. ಅಲ್ಲಿಂದ 1986ರವರೆಗೆ ಬಿಡದೆ ಐದು. ಬಳಿಕ 1990, 1992, 1994 ಮತ್ತು 1995. ಜಾರ್ಜಿಯ ವಿಶ್ವವಿದ್ಯಾನಿಲಯದ ಸುಝಾನ್ ಯೋಕ್ಯುಲನ್ 2005ರಿಂದ 2009ರವರೆಗೆ ಸತತ ಐದು ಸಲ ಗೆದ್ದು ಆ ದಾಖಲೆಯನ್ನು ಸರಿಗಟ್ಟಿದರೆಂಬುದನ್ನು ಯೂಟಾದ ಅಭಿಮಾನಿಗಳು ತಾವಾಗಿ ಹೇಳಲಾರರು. ನಾವು ಹೇಳಿಬಿಡುವುದು ನ್ಯಾಯ.

ಸ್ಪರ್ಧೆಯ ಕ್ರಮ ಸರಳವಾದುದು. ವಾಲ್ಟ್, ಅನ್‌ಈವನ್ ಬಾರ್ಸ್, ಬ್ಯಾಲೆನ್ಸ್ ಬೀಮ್, ಫ್ಲೋರ್ ಎಂಬ ನಾಲ್ಕು ವಿಭಾಗಗಳಲ್ಲಿ ತಂಡಕ್ಕೆ ಆರಾರು ಹುಡುಗಿಯರು. ಅವರಲ್ಲಿ ಉತ್ತಮವಾದ ಐವರ ಅಂಕಗಳಷ್ಟೇ ಲೆಕ್ಕಕ್ಕೆ. ಅಂತರರಾಷ್ಟ್ರೀಯ ಒಕ್ಕೂಟವು 2006ರಲ್ಲಿ ಕೈಬಿಟ್ಟ ಹತ್ತಕ್ಕೆ ಹತ್ತರ ಪದ್ಧತಿಯು ಕಾಲೇಜುಗಳಲ್ಲಿ ಇನ್ನೂ ಉಳಿದಿದೆ, ಮತ್ತು ಪಂಡಿತರು ಏನೇ ಅನ್ನಲಿ, ಜನ ಸೇರುವುದಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ: ಪರಿಪೂರ್ಣತೆಯ ಅಂಕವು ಮಗುವಿಗೂ ಅರ್ಥವಾಗುತ್ತದೆ. ಸರದಿ ಬಂದ ಹುಡುಗಿ ಅಂಗೈಗೆ ಬಿಳಿಯ ಪುಡಿ ತಿಕ್ಕಿಕೊಂಡು, ಸ್ಪ್ರಿಂಗ್ ಬೋರ್ಡನ್ನು ಮೆಟ್ಟಿ ಚಿಮ್ಮಿ ಬಾರನ್ನು ಹಿಡಿದಳೋ ಇಲ್ಲವೋ, ತರಬೇತುದಾರರು ಆ ಹಲಗೆಯನ್ನು ಸರಕ್ಕನೆ ಎಳೆದು ಬದಿಗೆ ಸರಿಸುತ್ತಾರೆ. ಆಮೇಲೆ ಅವರು ಮಾಡಬಹುದಾದುದೆಂದರೆ ಕತ್ತೆತ್ತಿ ನೋಡುತ್ತ ನಿಲ್ಲುವುದು. ಬೀಮ್ ಎಂಬುದೋ ಹತ್ತು ಸೆಂಟಿಮೀಟರು ಅಗಲ, ಐದು ಮೀಟರು ಉದ್ದ. ನೆಲದಿಂದ ಒಂದೂಕಾಲು ಮೀಟರು ಎತ್ತರದ ಆ ಪಟ್ಟಿಯ ಮೇಲೆ ಹಿಮ್ಮೊಗವಾಗಿ ಲಾಗ ಹಾಕಿದವಳ ಹಿಮ್ಮಡಿ ಕೊಂಚ ಅಲುಗಿದರೂ ಸಾವಿರಾರು ಕಂಠಗಳು ಒಟ್ಟಿಗೆ ಉಸಿರೆಳೆದುಕೊಳ್ಳುತ್ತವೆ.

ಇಷ್ಟು ಜನ ತಾವಾಗಿ ಬಂದವರಲ್ಲ. ತಂಡವನ್ನು ಕಟ್ಟುವುದು ಎಷ್ಟು ಮುಖ್ಯವೋ ಪ್ರೇಕ್ಷಕರನ್ನು ಕಟ್ಟುವುದೂ ಅಷ್ಟೇ ಮುಖ್ಯವೆಂದು ಮಾರ್ಸ್‌ಡೆನ್ ನಂಬಿದ್ದರು. ಎರಡು ತಂಡಗಳ ಹಣಾಹಣಿಯನ್ನು ದೀಪ, ಸಂಗೀತಗಳಿಂದ ಕೂಡಿದ ಒಂದು ಸಂಜೆಯ ಪ್ರದರ್ಶನವನ್ನಾಗಿ ಮಾಡಿದರು. ಇದೇ ನಗರದಲ್ಲಿ ಅಭ್ಯಾಸ ಮಾಡಿ ಬೆಳೆದು, 1988ರ ಸೋಲ್ ಒಲಿಂಪಿಕ್ಸಿಗೆ ಹೋಗಿಬಂದ ಮಿಸ್ಸಿ ಮಾರ್ಲೋ 1992ರಲ್ಲಿ ಇದೇ ತಂಡದಿಂದ, ನಾಲ್ಕೂ ವಿಭಾಗಗಳ ಒಟ್ಟು ಅಂಕಕ್ಕೆ ಸಲ್ಲುವ ರಾಷ್ಟ್ರೀಯ ಸಮಗ್ರ ಪ್ರಶಸ್ತಿಯನ್ನು ಗೆದ್ದಾಗ, ಊರಿನವರಿಗೆ ಅದು ಮನೆಮಗಳ ಗೆಲುವೇ ಆಗಿದ್ದಿತು. ವಿಚಿತ್ರವೆಂದರೆ, 1995ರ ನಂತರ ತಂಡದ ಚಾಂಪಿಯನ್‌ಷಿಪ್ ಒಮ್ಮೆಯೂ ಬರಲಿಲ್ಲ. ಜನ ಮಾತ್ರ ಕಡಮೆಯಾಗಲಿಲ್ಲ. 2015ರ ಮಾರ್ಚಿಯಲ್ಲಿ ಮಿಷಿಗನ್ ತಂಡದೊಡನೆ ನಡೆದ ಸ್ಪರ್ಧೆಗೆ 16,019 ಮಂದಿ ಸೇರಿದ್ದರು, ಅಂದರೆ ಮಂದಿರದ ಆಸನಗಳಿಗಿಂತಲೂ ಹೆಚ್ಚು.

ಅದೇ ವರ್ಷದ ರಾಷ್ಟ್ರೀಯ ಫೈನಲ್ಲಿನಲ್ಲಿ ಫ್ಲಾರಿಡ 197.850, ಯೂಟಾ 197.800. ನೆಲಕ್ಕಿಳಿದ ಪಾದ ಒಂದಿಷ್ಟು ಸರಿದರೆ ಕಳೆಯುವಷ್ಟೇ ಅಂತರ. ಅದಾದ ಸ್ವಲ್ಪದರಲ್ಲಿ ಮಾರ್ಸ್‌ಡೆನ್ ನಿವೃತ್ತರಾದರು. 1983 ಮತ್ತು 1984ರಲ್ಲಿ ಸಮಗ್ರ ಪ್ರಶಸ್ತಿ ಗೆದ್ದು, ಬಳಿಕ ಅವರೊಡನೆ ತರಬೇತಿ ನಡೆಸುತ್ತಿದ್ದ ಪತ್ನಿ ಮೆಗನ್ ಇನ್ನೂ ಕೆಲವು ವರ್ಷ ತಂಡವನ್ನು ನೋಡಿಕೊಂಡರು. 1982ರಿಂದ 2025ರವರೆಗೆ ನಡೆದ ಒಂದೊಂದು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿಯೂ ಯೂಟಾ ಹಾಜರಿದ್ದಿತು. ಬೇರಾವ ವಿಶ್ವವಿದ್ಯಾನಿಲಯಕ್ಕೂ ಆ ಮಾತು ಸಲ್ಲದು.