ಅರೆವಾಹಕ ನ್ಯಾನೊ ತಂತಿಗಳು: ಬೆಳೆ ಮತ್ತು ಬೆಲೆ

ಎಳೆಯ ಸಣ್ಣತನ ಎಂಬುದು ಬೈಲಹೊಂಗಲದ ಅರಳೆ ವ್ಯಾಪಾರಸ್ಥರಿಗೆ ಹೊಸ ವಿಷಯವಲ್ಲ. ಎಳೆಯ ಉದ್ದ, ಗಟ್ಟಿತನ ಮತ್ತು ಮೈಕ್ರೊನೇರ್ ಅಳತೆಗಳನ್ನು ನೋಡಿಯೇ ಹತ್ತಿಯ ದರ ನಿರ್ಧಾರವಾಗುತ್ತದೆ. ಹತ್ತಿಯ ಒಂದು ಎಳೆಯ ಅಡ್ಡಗಲ ಸಾಮಾನ್ಯವಾಗಿ 12ರಿಂದ 20 ಮೈಕ್ರೊಮೀಟರ್. ಅದರ ಮುನ್ನೂರನೆಯ ಒಂದು ಭಾಗದಷ್ಟು, ಅಂದರೆ ಸುಮಾರು 50 ನ್ಯಾನೊಮೀಟರ್ ದಪ್ಪದ ಎಳೆಯನ್ನು ಸಿಲಿಕಾನಿನಲ್ಲಿಯೋ ಸತುವಿನ ಆಕ್ಸೈಡಿನಲ್ಲಿಯೋ ಒಂದೇ ಹರಳಾಗಿ ಬೆಳೆಸಿದರೆ ಅದು ಅರೆವಾಹಕ ನ್ಯಾನೊ ತಂತಿ ಎನಿಸಿಕೊಳ್ಳುತ್ತದೆ. ಇದನ್ನು ನೂಲುವುದಿಲ್ಲ, ಎಳೆಯುವುದೂ ಇಲ್ಲ. ಪೈರಿನಂತೆ ಬುಡದಿಂದ ಬೆಳೆಸುತ್ತಾರೆ.

ಕೇಂದ್ರ ಸರ್ಕಾರವು 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಅರೆವಾಹಕ ಕಾರ್ಯಕ್ರಮಕ್ಕೆ ಮಂಜೂರಾತಿ ನೀಡಿದ ನಂತರ 'ಸೆಮಿಕಂಡಕ್ಟರ್' ಹಾಗೂ 'ನ್ಯಾನೊ' ಎಂಬ ಎರಡು ಪದಗಳು ಯೋಜನಾ ವರದಿಗಳ ಮುಖಪುಟವನ್ನು ಅಲಂಕರಿಸತೊಡಗಿವೆ. ಜಿನ್ನಿಂಗ್, ಸಕ್ಕರೆ, ಮಗ್ಗ ಮತ್ತು ದಲಾಲಿ ವ್ಯಾಪಾರದಲ್ಲಿ ಕೂಡಿಟ್ಟ ಬಂಡವಾಳವನ್ನು ಹೊಸ ಕ್ಷೇತ್ರಕ್ಕೆ ತೊಡಗಿಸಬಯಸುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗದ ಉದ್ಯಮಿಗಳು ಇಂತಹ ವರದಿಗೆ ಸಹಿ ಹಾಕುವ ಮುನ್ನ ಈ ತಂತಿ ಹೇಗೆ ಬೆಳೆಯುತ್ತದೆ, ಎಲ್ಲಿ ಮಾರಾಟವಾಗಿದೆ, ಎಲ್ಲಿ ಆಗಿಲ್ಲ ಎಂಬುದನ್ನು ಅರಿಯುವುದು ಅವಶ್ಯ. ಗೊಬ್ಬರದ ಅಂಗಡಿಯಲ್ಲಿ 2021ರಿಂದ ಬಾಟಲಿಯಲ್ಲಿ ದೊರೆಯುತ್ತಿರುವ ನ್ಯಾನೊ ಯೂರಿಯಾಕ್ಕೂ ಇದಕ್ಕೂ ಹೆಸರಿನ ಹೊರತು ಯಾವ ಸಂಬಂಧವೂ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಚಿನ್ನದ ಹನಿ, ಸಕ್ಕರೆಯ ನ್ಯಾಯ

1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವ್ಯಾಗ್ನರ್ ಮತ್ತು ಎಲ್ಲಿಸ್ ಎಂಬ ವಿಜ್ಞಾನಿಗಳು ಸಿಲಿಕಾನಿನ ಸೂಕ್ಷ್ಮ ಕಡ್ಡಿಗಳು ಬೆಳೆಯುವ ಬಗೆಯನ್ನು ವಿವರಿಸಿದರು. ಆವಿ, ದ್ರವ, ಘನ ಎಂಬ ಮೂರು ಸ್ಥಿತಿಗಳು ಒಂದಾದ ಮೇಲೊಂದು ಬರುವುದರಿಂದ ಅದಕ್ಕೆ ಆವಿ-ದ್ರವ-ಘನ ವಿಧಾನವೆಂದೇ ಹೆಸರಾಯಿತು. ಅವರ ಕಡ್ಡಿಗಳು ಇಂದಿನ ಲೆಕ್ಕದಲ್ಲಿ ದಪ್ಪನಾದವು. ಅದೇ ತತ್ತ್ವವನ್ನು ನ್ಯಾನೊ ಅಳತೆಗೆ ಇಳಿಸಿದ ಕೆಲಸದಲ್ಲಿ 1998ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಲೀಬರ್ ಅವರ ತಂಡ ಪ್ರಕಟಿಸಿದ ಪ್ರಬಂಧ ಪ್ರಮುಖವಾದುದು.

ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಸಕ್ಕರೆ ಕಾರ್ಖಾನೆಯ ಪರಿಚಯವಿದ್ದವರಿಗೆ ಈ ವಿಧಾನ ಸುಲಭವಾಗಿ ಅರ್ಥವಾಗುತ್ತದೆ. ಪಾಕವು ತಾನು ಕರಗಿಸಿಟ್ಟುಕೊಳ್ಳಬಲ್ಲದಕ್ಕಿಂತ ಹೆಚ್ಚು ಸಕ್ಕರೆಯನ್ನು ಹೊತ್ತಾಗ ಹೆಚ್ಚಾದದ್ದು ಹರಳಾಗಿ ಕೆಳಗಿಳಿಯುತ್ತದೆ. ಅದಕ್ಕೊಂದು ಬೀಜ ದೊರೆತರೆ ಅದರ ಮೇಲೆಯೇ ಕೂಡುತ್ತದೆ. ಕಲ್ಲುಸಕ್ಕರೆ ದಾರದ ಮೇಲೆ ಬೆಳೆಯುವುದು ಇದೇ ನ್ಯಾಯದಿಂದ. ಇಲ್ಲಿ ಪಾಕದ ಸ್ಥಾನದಲ್ಲಿರುವುದು ಚಿನ್ನದ ಹನಿ. ಶುದ್ಧ ಸಿಲಿಕಾನ್ ಕರಗಲು 1,414 ಡಿಗ್ರಿ ಸೆಲ್ಸಿಯಸ್ ಬೇಕು, ಚಿನ್ನಕ್ಕೆ 1,064 ಡಿಗ್ರಿ. ಆದರೆ ಇವೆರಡೂ ತಕ್ಕ ಪ್ರಮಾಣದಲ್ಲಿ ಬೆರೆತರೆ ಕೇವಲ 363 ಡಿಗ್ರಿಯಲ್ಲಿಯೇ ದ್ರವವಾಗುತ್ತವೆ. ಈ ವಿಧಾನದ ಜೀವಾಳವೆಲ್ಲ ಈ ಒಂದು ಅಂಕಿಯಲ್ಲಿದೆ.

ಸಿಲಿಕಾನ್ ಬಿಲ್ಲೆಯ ಮೇಲೆ 20 ನ್ಯಾನೊಮೀಟರ್ ಗಾತ್ರದ ಚಿನ್ನದ ಕಣಗಳನ್ನು ಹರಡಿ, ಕುಲುಮೆಯಲ್ಲಿ 400ರಿಂದ 600 ಡಿಗ್ರಿಯವರೆಗೆ ಕಾಯಿಸಿ, ಸಿಲಿಕಾನ್ ಮತ್ತು ಜಲಜನಕಗಳಿಂದಾದ ಸೈಲೇನ್ ಎಂಬ ಅನಿಲವನ್ನು ಹಾಯಿಸಲಾಗುತ್ತದೆ. ಚಿನ್ನದ ಮೇಲ್ಮೈಯಲ್ಲಿ ಅನಿಲ ಒಡೆಯುತ್ತದೆ, ಸಿಲಿಕಾನ್ ಚಿನ್ನದೊಳಕ್ಕೆ ಇಳಿಯುತ್ತದೆ, ಕಣವು ಹನಿಯಾಗುತ್ತದೆ. ಹನಿ ತುಂಬಿ ತುಳುಕಿದಾಗ ಹೆಚ್ಚಾದ ಸಿಲಿಕಾನ್ ಅದರ ಅಡಿಯಲ್ಲಿ, ಬಿಲ್ಲೆಯ ಹರಳಿನ ಮೇಲೆ, ಅದೇ ಜೋಡಣೆಯಲ್ಲಿ ಕೂಡುತ್ತದೆ. ಅನಿಲ ಬರುತ್ತಲೇ ಇದ್ದರೆ ಹನಿಯು ಮೇಲೇರುತ್ತ, ತನ್ನ ಕೆಳಗೆ ತಂತಿಯನ್ನು ಬಿಡುತ್ತ ಸಾಗುತ್ತದೆ. ಹನಿಯ ಗಾತ್ರವೇ ತಂತಿಯ ದಪ್ಪವನ್ನು ನಿರ್ಧರಿಸುತ್ತದೆ. ಅನಿಲ ಹಾಯಿಸಿದ ಹೊತ್ತು ಉದ್ದವನ್ನು ನಿರ್ಧರಿಸುತ್ತದೆ. ನಡುವೆ ಬೋರಾನ್ ಅಥವಾ ರಂಜಕವುಳ್ಳ ಅನಿಲವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಒಂದೇ ತಂತಿಯ ಒಂದು ಭಾಗ ಒಂದು ಬಗೆಯ ವಾಹಕವಾಗಿ, ಇನ್ನೊಂದು ಭಾಗ ಇನ್ನೊಂದು ಬಗೆಯ ವಾಹಕವಾಗಿ ಬೆಳೆಯುತ್ತದೆ.

ಚಿನ್ನವೆಂದೊಡನೆ ವ್ಯಾಪಾರಸ್ಥರ ಗಮನ ದರದತ್ತ ಹೋಗುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ, 20 ನ್ಯಾನೊಮೀಟರಿನ ನೂರು ಕೋಟಿ ಹನಿಗಳಿಗೆ ಒಂದು ಮಿಲಿಗ್ರಾಂನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಚಿನ್ನವೂ ಬೇಕಾಗುವುದಿಲ್ಲ. ವೆಚ್ಚವಿರುವುದು ನಿರ್ವಾತ ಕುಲುಮೆಯಲ್ಲಿ, ಧೂಳಿಲ್ಲದ ಕೋಣೆಯಲ್ಲಿ, ಅನಿಲಗಳ ಸುರಕ್ಷತೆಯಲ್ಲಿ. ಸೈಲೇನ್ ಗಾಳಿ ತಾಕಿದರೆ ತಾನಾಗಿಯೇ ಹೊತ್ತಿಕೊಳ್ಳುವ ಅನಿಲ. ರಂಜಕದ ಅನಿಲ ಕಡು ವಿಷ. ಯೋಜನಾ ವರದಿಯಲ್ಲಿ ಕುಲುಮೆಯ ಬೆಲೆಯನ್ನು ಮಾತ್ರ ತೋರಿಸಿ ಅನಿಲ ಶೋಧಕ, ಶುದ್ಧೀಕರಣ ಗೋಪುರ, ವಿಮೆ ಇವುಗಳ ಸಾಲನ್ನು ಖಾಲಿ ಬಿಟ್ಟಿದ್ದರೆ ಅಂತಹ ವರದಿಯನ್ನು ಅಲ್ಲಿಗೇ ಮುಚ್ಚಿಡಬಹುದು.

ಎಲ್ಲ ತಂತಿಗಳಿಗೂ ಇಷ್ಟು ಖರ್ಚು ಬೇಕೆಂದಿಲ್ಲ. ಸತುವಿನ ಆಕ್ಸೈಡಿನ ತಂತಿಗಳನ್ನು ಸತುವಿನ ನೈಟ್ರೇಟ್ ಮತ್ತು ಹೆಕ್ಸಮೀನ್ ಕರಗಿಸಿದ ನೀರಿನಲ್ಲಿ, ಸುಮಾರು 90 ಡಿಗ್ರಿಯಲ್ಲಿ, ಅಂದರೆ ನೀರು ಕುದಿಯುವ ಮೊದಲೇ ಬೆಳೆಸಬಹುದು. ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಇದು ಅಸಾಧ್ಯವಾದುದೇನಲ್ಲ.

ಬೆಂಗಳೂರಿನ ಕೊಡುಗೆ

ಈ ವಿದ್ಯೆಗೆ ಕನ್ನಡ ನಾಡಿನ ಕೊಡುಗೆ ಸಣ್ಣದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಎ. ಗೋವಿಂದರಾಜ್ ಅವರ ತಂಡವು ಲೋಹದ ಆಕ್ಸೈಡುಗಳನ್ನು ಇಂಗಾಲದೊಡನೆ ಕಾಯಿಸಿ ಹಲವು ಬಗೆಯ ನ್ಯಾನೊ ತಂತಿಗಳನ್ನು ಪಡೆಯುವ ಸರಳ ಮಾರ್ಗವನ್ನು ರೂಢಿಸಿತು. ನ್ಯಾನೊ ಕೊಳವೆ ಮತ್ತು ತಂತಿಗಳ ಕುರಿತ ಅವರಿಬ್ಬರ ಗ್ರಂಥ 2005ರಲ್ಲಿ ಇಂಗ್ಲೆಂಡಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯಿಂದ ಪ್ರಕಟವಾಯಿತು.

ಈ ಭಾಗದ ಉದ್ಯಮಕ್ಕೆ ಹತ್ತಿರವಾದುದು ಆ ತಂಡ 2006 ಮತ್ತು 2007ರಲ್ಲಿ ಪ್ರಕಟಿಸಿದ ಅನಿಲ ಸಂವೇದಕಗಳ ಕೆಲಸ. ಸತು, ಟಂಗ್‌ಸ್ಟನ್, ಇಂಡಿಯಂ ಆಕ್ಸೈಡುಗಳ ತಂತಿಗಳನ್ನು ಬಳಸಿ ಜಲಜನಕ, ಎಥೆನಾಲ್ ಆವಿ, ಅಮೋನಿಯಾ, ನೈಟ್ರೋಜನ್ ಆಕ್ಸೈಡುಗಳನ್ನು ಪತ್ತೆ ಹಚ್ಚಬಹುದೆಂದು ಅವರು ತೋರಿಸಿದರು. ಇದರ ತತ್ತ್ವ ಸರಳವಾದುದು. ಗಾಳಿಯ ಆಮ್ಲಜನಕ ತಂತಿಯ ಮೈಗೆ ಅಂಟಿ ಅದರ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಎಥೆನಾಲಿನಂತಹ ಆವಿ ಬಂದು ಆ ಆಮ್ಲಜನಕದೊಡನೆ ಸೇರಿದಾಗ ಎಲೆಕ್ಟ್ರಾನುಗಳು ತಂತಿಗೆ ಮರಳುತ್ತವೆ, ವಿದ್ಯುತ್ ರೋಧ ಇಳಿಯುತ್ತದೆ. ಆ ಇಳಿತವನ್ನು ಅಳೆದರೆ ಆವಿಯ ಪ್ರಮಾಣ ತಿಳಿಯುತ್ತದೆ.

ತಂತಿಯೇ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಕ್ಷೇತ್ರಫಲದ ಲೆಕ್ಕದಲ್ಲಿದೆ. ಒಂದು ಘನ ಸೆಂಟಿಮೀಟರ್ ಸಿಲಿಕಾನ್ ತುಂಡಿನ ತೂಕ ಸುಮಾರು 2.33 ಗ್ರಾಂ, ಹೊರಮೈ 6 ಚದರ ಸೆಂಟಿಮೀಟರ್. ಅಷ್ಟೇ ಸಿಲಿಕಾನನ್ನು 50 ನ್ಯಾನೊಮೀಟರ್ ದಪ್ಪದ ತಂತಿಯಾಗಿಸಿದರೆ ಅದರ ಉದ್ದ 5 ಲಕ್ಷ ಕಿಲೋಮೀಟರನ್ನು ದಾಟುತ್ತದೆ. ಹೊರಮೈ 80 ಚದರ ಮೀಟರ್, ಅಂದರೆ ಸುಮಾರು 860 ಚದರ ಅಡಿಯಾಗುತ್ತದೆ. ಬೆರಳತುದಿಯ ಗಾತ್ರದ ತುಂಡಿನಲ್ಲಿ ಒಂದು ಮನೆಯ ನೆಲದಷ್ಟು ಮೈ! ಮುಟ್ಟಿದ್ದನ್ನು ತಿಳಿಯುವ ಕೆಲಸಕ್ಕೆ ಮೈ ಹೆಚ್ಚಿದಷ್ಟೂ ಲಾಭ.

ಮೆಣಸಿನಕಾಯಿ ಮತ್ತು ಹಣ್ಣುಗಳನ್ನು ಇಡುವ ಶೈತ್ಯಾಗಾರಗಳಲ್ಲಿ ಅಮೋನಿಯಾ ಸೋರಿಕೆ, ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಲ್ಲಿ ಎಥೆನಾಲ್ ಆವಿ, ಇವು ಕಾರ್ಮಿಕರ ಜೀವಕ್ಕೆ ಸಂಬಂಧಿಸಿದ ವಿಷಯಗಳು. ಆದ್ದರಿಂದ ಸಂವೇದಕದ ಬೇಡಿಕೆ ಕಾಲ್ಪನಿಕವಲ್ಲ. ಆದರೆ ಇಂದು ಪೇಟೆಯಲ್ಲಿ ದೊರೆಯುವ ಉಪಕರಣಗಳಲ್ಲಿ ಬಹುಪಾಲು ಹಳೆಯ ಬಗೆಯ ತವರದ ಆಕ್ಸೈಡಿನ ಲೇಪ ಅಥವಾ ವಿದ್ಯುದ್ರಾಸಾಯನಿಕ ಕೋಶಗಳೇ. ನ್ಯಾನೊ ತಂತಿ ಅವುಗಳನ್ನು ಇನ್ನೂ ಹೊರದೂಡಿಲ್ಲ. ಮಳೆಗಾಲದ ತೇವದಲ್ಲಿ ತಂತಿಯ ಅಳತೆ ಬದಲಾಗುತ್ತದೆ, ದಿನ ಕಳೆದಂತೆ ಸೊನ್ನೆಯ ಗುರುತು ಜಾರುತ್ತದೆ, ಇಂದು ಬೆಳೆಸಿದ ತಂಡವೂ ನಾಳೆ ಬೆಳೆಸಿದ ತಂಡವೂ ಒಂದೇ ಸಮನಾಗಿರುವುದಿಲ್ಲ. ಒಂದು ತಂತಿ ಅದ್ಭುತವಾಗಿ ಕೆಲಸ ಮಾಡಿದರೆ ಅದೊಂದು ಪ್ರಬಂಧ. ಹತ್ತು ಲಕ್ಷ ತಂತಿಗಳು ಒಂದೇ ರೀತಿ ಕೆಲಸ ಮಾಡಿದರೆ ಮಾತ್ರ ಅದೊಂದು ಉದ್ಯಮ.

ಹೂಡಿಕೆಯ ಕಥೆಗಳು

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಇಂಡಿಯಂ ಫಾಸ್ಫೈಡ್ ತಂತಿಗಳಿಂದ ಶೇ. 13.8 ದಕ್ಷತೆಯ ಸೌರಕೋಶವನ್ನು ತಯಾರಿಸಿದರು. ತಂತಿಗಳು ಮೇಲ್ಮೈಯ ಶೇ. 12ರಷ್ಟನ್ನು ಮಾತ್ರ ಆವರಿಸಿದ್ದರೂ ಬೆಳಕಿನ ಬಹುಭಾಗವನ್ನು ಹೀರಿಕೊಂಡವು. ವಿಜ್ಞಾನವಾಗಿ ಇದು ನಿಜಕ್ಕೂ ದೊಡ್ಡ ಸಾಧನೆ. ಅದೇ ವಿಶ್ವವಿದ್ಯಾಲಯದ ಸಂಶೋಧನೆಯಿಂದ 2008ರಲ್ಲಿ ಹುಟ್ಟಿದ ಸೋಲ್ ವೋಲ್ಟಾಯಿಕ್ಸ್ ಕಂಪನಿಯು ಬಿಲ್ಲೆಯ ಹಂಗಿಲ್ಲದೆ, ಹರಿಯುವ ಅನಿಲದಲ್ಲಿಯೇ ತಂತಿ ಬೆಳೆಸುವ ಜಾಣ ವಿಧಾನವನ್ನು ಹಿಡಿದು ಹೊರಟಿತು, 2019ರಲ್ಲಿ ದಿವಾಳಿಯಾಯಿತು. ಆ ಹತ್ತು ವರ್ಷಗಳಲ್ಲಿ ಸಾಮಾನ್ಯ ಸಿಲಿಕಾನ್ ಸೌರಫಲಕದ ಬೆಲೆ ಕುಸಿದ ವೇಗದೊಡನೆ ಸ್ಪರ್ಧಿಸುವುದು ಯಾವ ಹೊಸ ಕಂಪನಿಗೂ ಸುಲಭವಿರಲಿಲ್ಲ. ತಂತ್ರಜ್ಞಾನ ಒಳ್ಳೆಯದಾಗಿರುವುದು ಬೇರೆ, ಎದುರಾಳಿಯ ದರ ಇಳಿಯುವುದು ಬೇರೆ.

ಬ್ಯಾಟರಿಯ ಕಥೆ ಸ್ವಲ್ಪ ಭಿನ್ನ. ಲಿಥಿಯಂ ಬ್ಯಾಟರಿಯ ಋಣ ಧ್ರುವದಲ್ಲಿ ಬಳಸುವ ಗ್ರಾಫೈಟ್ ಪ್ರತಿ ಗ್ರಾಂಗೆ ಹೆಚ್ಚೆಂದರೆ 372 ಮಿಲಿ ಆಂಪಿಯರ್-ಗಂಟೆಗಳಷ್ಟು ವಿದ್ಯುದಂಶವನ್ನು ಹಿಡಿಯುತ್ತದೆ; ಸಿಲಿಕಾನಿನ ಸೈದ್ಧಾಂತಿಕ ಮಿತಿ ಇದರ ಹತ್ತು ಪಟ್ಟಿಗೂ ಮಿಗಿಲು. ತೊಂದರೆಯೆಂದರೆ ಲಿಥಿಯಂ ತುಂಬಿದಾಗ ಸಿಲಿಕಾನ್ ಸುಮಾರು ನಾಲ್ಕು ಪಟ್ಟು ಉಬ್ಬಿ, ಬರಿದಾದಾಗ ಕುಗ್ಗಿ, ಬೇಸಿಗೆಯ ಎರೆಭೂಮಿಯಂತೆ ಬಿರುಕು ಬಿಟ್ಟು ಪುಡಿಯಾಗುತ್ತದೆ. 2008ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಕುಯಿ ಅವರ ತಂಡವು ಸಿಲಿಕಾನನ್ನು ನ್ಯಾನೊ ತಂತಿಗಳಾಗಿ ನೆಟ್ಟರೆ ಅವುಗಳ ನಡುವಿನ ಜಾಗದಲ್ಲಿಯೇ ಉಬ್ಬು ಅಡಗಿ ಬಿರುಕು ತಪ್ಪುವುದೆಂದು ತೋರಿಸಿತು. ಅದರಿಂದ ಹುಟ್ಟಿದ ಆಂಪ್ರಿಯಸ್ ಕಂಪನಿ 2022ರಲ್ಲಿ ನ್ಯೂಯಾರ್ಕ್ ಷೇರುಪೇಟೆಯನ್ನು ಪ್ರವೇಶಿಸಿತು. ಅದರ ಮೊದಲ ಗಿರಾಕಿಗಳು ಡ್ರೋನ್ ಮತ್ತು ಅತಿ ಎತ್ತರದಲ್ಲಿ ಹಾರುವ ವಿಮಾನಗಳ ತಯಾರಕರು. ಅಲ್ಲಿ ಪ್ರತಿ ಗ್ರಾಂ ತೂಕಕ್ಕೂ ಬೆಲೆಯುಂಟು. ಪಂಪ್‌ಸೆಟ್ಟಿಗೋ ದ್ವಿಚಕ್ರ ವಾಹನಕ್ಕೋ ಬೇಕಾದ ಅಗ್ಗದ ಬ್ಯಾಟರಿಯ ಪೇಟೆ ಅದಲ್ಲ.

ಇನ್ನು ನ್ಯಾನೊ ತಂತಿಯು ನಿಜವಾಗಿ ಕೋಟಿಗಟ್ಟಲೆ ಮಾರಾಟವಾಗುತ್ತಿರುವ ಜಾಗವೆಂದರೆ ಕಂಪ್ಯೂಟರ್ ಚಿಪ್ಪು. ಟ್ರಾನ್ಸಿಸ್ಟರ್ ಎಂಬುದು ವಿದ್ಯುತ್ತಿನ ನಲ್ಲಿ. ನಲ್ಲಿ ಸಣ್ಣದಾದಂತೆ ಮುಚ್ಚಿದ ಮೇಲೂ ಸೋರತೊಡಗುತ್ತದೆ. 2011ರಲ್ಲಿ ಇಂಟೆಲ್ ಪ್ರಕಟಿಸಿದ ವಿನ್ಯಾಸದಲ್ಲಿ ವಾಹಕವನ್ನು ಮೂರು ಕಡೆಯಿಂದ ಅದುಮಲಾಯಿತು. ಮುಂದೆ ಅದೂ ಸಾಲದಾಗಿ, ವಾಹಕವನ್ನು ತೂಗುವ ತಂತಿ ಅಥವಾ ಪಟ್ಟಿಯಾಗಿಸಿ ನಾಲ್ಕೂ ಕಡೆಯಿಂದ ಸುತ್ತುವ ವಿನ್ಯಾಸ ಬಂತು. ಸ್ಯಾಮ್‌ಸಂಗ್ 2022ರ ಜೂನ್‌ನಲ್ಲಿ ಇದರ ಉತ್ಪಾದನೆ ಆರಂಭಿಸಿತು, ತೈವಾನಿನ ಟಿ.ಎಸ್.ಎಂ.ಸಿ. 2025ರ ಕೊನೆಯ ತ್ರೈಮಾಸಿಕದಲ್ಲಿ ಅದೇ ದಾರಿ ಹಿಡಿಯಿತು. ಇಲ್ಲೊಂದು ಸ್ವಾರಸ್ಯವಿದೆ. ಈ ಪಟ್ಟಿಗಳನ್ನು ಚಿನ್ನದ ಹನಿಯಿಂದ ಬೆಳೆಸುವುದಿಲ್ಲ. ಚಿನ್ನ ಸಿಲಿಕಾನಿನ ಗುಣವನ್ನೇ ಕೆಡಿಸುವುದರಿಂದ ಚಿಪ್ ಕಾರ್ಖಾನೆಗಳು ಅದನ್ನು ಹತ್ತಿರ ಸೇರಿಸುವುದಿಲ್ಲ. ಸಿಲಿಕಾನ್ ಮತ್ತು ಸಿಲಿಕಾನ್-ಜರ್ಮೇನಿಯಂ ಪದರಗಳನ್ನು ಒಂದರ ಮೇಲೊಂದು ಬೆಳೆಸಿ, ಜರ್ಮೇನಿಯಂ ಇರುವ ಪದರವನ್ನು ಮಾತ್ರ ರಾಸಾಯನಿಕವಾಗಿ ಕರಗಿಸಿ ತೆಗೆಯುತ್ತಾರೆ. ಉಳಿದದ್ದು ತೂಗುವ ಪಟ್ಟಿ. ಬೆಳೆದ ತಂತಿ ಪ್ರಯೋಗಾಲಯದಲ್ಲಿ ಉಳಿಯಿತು, ಕೆತ್ತಿದ ತಂತಿ ಪೇಟೆ ಗೆದ್ದಿತು. ಭಾರತದಲ್ಲಿ ಗುಜರಾತಿನ ಧೋಲೇರಾದಲ್ಲಿ ಟಾಟಾ ಸಂಸ್ಥೆ ಕೈಗೊಂಡಿರುವ ಕಾರ್ಖಾನೆಯ ಗುರಿ 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ದಪ್ಪನೆಯ ತಲೆಮಾರಿನ ಚಿಪ್ಪುಗಳು. ಅವುಗಳಿಗೆ ಈ ತಂತಿಯ ಅಗತ್ಯವೇ ಇಲ್ಲ.

ಈ ನಾಲ್ಕು ತಾಲೂಕುಗಳಿಗೆ ದಾರಿ

ಹಾಗಾದರೆ ನ್ಯಾನೊ ತಂತಿಯ ಕಾರ್ಖಾನೆ ಸವದತ್ತಿಯಲ್ಲೋ ರಾಮದುರ್ಗದಲ್ಲೋ ಆಗಬೇಕೆನ್ನುವುದು ಸದ್ಯಕ್ಕೆ ಹಗಲುಗನಸು. ಆದರೆ ಕಲಿಯುವ ಬಾಗಿಲು ಮುಚ್ಚಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ಸ್ಥಾಪನೆಯಾದ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ 14,000 ಚದರ ಅಡಿಯ ಶುದ್ಧ ಕೋಣೆಯಿದೆ. ಅಲ್ಲಿ ಮತ್ತು ಮುಂಬಯಿ ಐ.ಐ.ಟಿ.ಯಲ್ಲಿ 2008ರಿಂದ ಕೇಂದ್ರ ಸರ್ಕಾರದ ನೆರವಿನಿಂದ ನಡೆದ ನ್ಯಾನೊ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮವು ಹೊರಗಿನ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತರಬೇತಿ ನೀಡಿ, ಅವರ ಪ್ರಸ್ತಾವ ಒಪ್ಪಿಗೆಯಾದರೆ ಅದೇ ಯಂತ್ರಗಳ ಮೇಲೆ ಕೆಲಸ ಮಾಡಲು ಅವಕಾಶ ಕೊಟ್ಟಿತು. 2021ರಲ್ಲಿ ಇದನ್ನು ಆರು ಸಂಸ್ಥೆಗಳಿಗೆ ವಿಸ್ತರಿಸಲಾಯಿತು. ಕೋಟ್ಯಂತರ ರೂಪಾಯಿಯ ಯಂತ್ರವನ್ನು ಕೊಳ್ಳದೆಯೇ ಬಳಸುವ ದಾರಿ ಇದು. ಬೆಳಗಾವಿ ಮತ್ತು ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ಈ ತಾಲೂಕುಗಳ ಮಕ್ಕಳಿಗೆ ಇದರ ಮಾಹಿತಿ ತಲುಪಿಸುವ ಕೆಲಸವನ್ನು ವಾಣಿಜ್ಯ ಸಂಸ್ಥೆಗಳೇ ವಹಿಸಿಕೊಳ್ಳಬಹುದು. 2016ರಲ್ಲಿ ಆರಂಭವಾದ ಧಾರವಾಡ ಐ.ಐ.ಟಿ. ಕಿತ್ತೂರಿನಿಂದ ದೂರವೇನಲ್ಲ. ಶೈತ್ಯಾಗಾರದ ಅಮೋನಿಯಾ ಸಂವೇದಕದಂತಹ ಒಂದು ನಿಶ್ಚಿತ ಸಮಸ್ಯೆಯನ್ನು ಹಿಡಿದು ನಾಲ್ಕಾರು ಉದ್ಯಮಿಗಳು ಸೇರಿ ಒಂದು ವಿದ್ಯಾರ್ಥಿ ಯೋಜನೆಗೆ ಹಣ ನೀಡಿದರೆ ಅದರ ವೆಚ್ಚ ಒಂದು ಜಿನ್ನಿಂಗ್ ಯಂತ್ರದ ದುರಸ್ತಿಯನ್ನು ಮೀರಲಾರದು.

ಇನ್ನು ತೆರಿಗೆಯ ವಿಷಯ. ಕಂಪನಿಯೊಳಗಿನ ಮಾನ್ಯತೆ ಪಡೆದ ಸಂಶೋಧನಾ ವೆಚ್ಚಕ್ಕೆ 1961ರ ಆದಾಯ ತೆರಿಗೆ ಕಾಯಿದೆಯ 35(2ಎಬಿ) ಕಲಮಿನಡಿ ಒಂದು ಕಾಲಕ್ಕೆ ಶೇ. 200ರಷ್ಟು ಕಡಿತ ದೊರೆಯುತ್ತಿತ್ತು. ಅದನ್ನು ಮೊದಲು ಶೇ. 150ಕ್ಕೆ, 2020ರ ಏಪ್ರಿಲ್ 1ರಿಂದ ಆರಂಭವಾದ ವರ್ಷದಿಂದ ಶೇ. 100ಕ್ಕೆ ಇಳಿಸಲಾಯಿತು. ಹಳೆಯ ಶೇ. 200ರ ಲೆಕ್ಕವನ್ನೇ ಹಿಡಿದು ಲಾಭ ತೋರಿಸುವ ಯೋಜನಾ ವರದಿ ಕೈಗೆ ಬಂದರೆ ಅದರ ಉಳಿದ ಅಂಕಿಗಳನ್ನೂ ಅದೇ ಅನುಮಾನದಿಂದ ಪರಿಶೀಲಿಸಬೇಕು.