ಅರ್ಧ ಲಾಲ್‌ಬಾಗ್‌ನಲ್ಲಿ ಅರವತ್ತು ಅಡುಗೆಮನೆ

ಬೆಂಗಳೂರಿನ ಲಾಲ್‌ಬಾಗ್ 240 ಎಕರೆ. ಅದನ್ನು ಮನಸ್ಸಿನಲ್ಲೇ ಎರಡು ಪಾಲು ಮಾಡಿ, ಒಂದು ಪಾಲಿನ ತುಂಬ ಅಂಗಡಿ, ಹೋಟೆಲುಗಳನ್ನು ಕಟ್ಟುತ್ತ ಹೋಗಿ. ಮೇಜಿನ ಮುಂದೆ ಕೂತು ಉಣ್ಣುವ ದೊಡ್ಡ ರೆಸ್ಟೋರೆಂಟು, ಕೌಂಟರಿನಲ್ಲಿ ಹೇಳಿ ತಗೊಳ್ಳುವ ಸಣ್ಣ ಹೋಟೆಲು, ಬೇಕರಿ, ಐಸ್‌ಕ್ರೀಂ ಅಂಗಡಿ, ದಾರಿ ಬದಿಯ ಪುಟ್ಟ ಮಳಿಗೆ, ಎಲ್ಲ ಸೇರಿ 60 ದಾಟಿದಾಗ ನಿಲ್ಲಿಸಿ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ, ಒರ್ಲ್ಯಾಂಡೊ ನಗರದ ಮಗ್ಗುಲಿಗಿರುವ ಡಿಸ್ನಿ ಸ್ಪ್ರಿಂಗ್ಸ್ ಇಷ್ಟು ದೊಡ್ಡದು: 120 ಎಕರೆ, 60ಕ್ಕೂ ಹೆಚ್ಚು ತಿನ್ನುವ ಜಾಗ. ಮಧ್ಯಾಹ್ನ ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಎಂದು ಉಣ್ಣುತ್ತ ಹೋದರೆ ಮೊದಲ ದಿನದ ಹೋಟೆಲಿಗೆ ಮತ್ತೆ ಸರದಿ ಬರುವಷ್ಟರಲ್ಲಿ ಕ್ಯಾಲೆಂಡರಿನ ಹಾಳೆ ಮಗುಚಿರುತ್ತದೆ.

ಇದು ಥೀಮ್ ಪಾರ್ಕ್ ಅಲ್ಲ, ಥೀಮ್ ಪಾರ್ಕಿಗೆ ಅಂಟಿಕೊಂಡ ಪೇಟೆ. ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಆನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪಾರ್ಕುಗಳಿವೆ. ಅವುಗಳ ಬಾಗಿಲು ದಾಟಲು ಟಿಕೆಟ್ ಬೇಕು. ಪೇಟೆಗೆ ಟಿಕೆಟ್ ಇಲ್ಲ, ಕಾರು ನಿಲ್ಲಿಸಲೂ ಹಣ ಕೊಡಬೇಕಿಲ್ಲ. ಹಲವು ಮಹಡಿಯ ಪಾರ್ಕಿಂಗ್ ಕಟ್ಟಡಗಳಲ್ಲಿ ಪ್ರತಿ ಜಾಗದ ನೆತ್ತಿಗೂ ಒಂದು ದೀಪ: ಹಸಿರಿದ್ದರೆ ಖಾಲಿ, ಕೆಂಪಿದ್ದರೆ ಭರ್ತಿ. ಪಾರ್ಕಿನಲ್ಲಿ ದಿನವಿಡೀ ತಿರುಗಿ ಬಂದವರು, ಒರ್ಲ್ಯಾಂಡೊದಲ್ಲೇ ಮನೆ ಮಾಡಿಕೊಂಡವರು, ಊರಿಗೆ ಹೊರಡುವ ಮುನ್ನ ಕೊನೆಯ ಸಂಜೆ ಕಳೆಯುವವರು ಎಲ್ಲರೂ ಇಲ್ಲಿಗೆ ಬಂದು ಸೇರುತ್ತಾರೆ. ಮ್ಯಾಜಿಕ್ ಕಿಂಗ್‌ಡಮ್ ಒಂದಕ್ಕೇ 2019ರಲ್ಲಿ ಸುಮಾರು 2.09 ಕೋಟಿ ಜನ ಬಂದಿದ್ದರೆಂದು ಥೀಮ್ ಪಾರ್ಕ್ ಉದ್ಯಮದ ವಾರ್ಷಿಕ ವರದಿ ಹೇಳುತ್ತದೆ. ದಿನಕ್ಕೆ 57,000 ಮಂದಿಯ ಲೆಕ್ಕ. ಅವರೆಲ್ಲರಿಗೂ ದಿನಕ್ಕೆ ಎರಡು ಮೂರು ಸಲ ಹಸಿವಾಗುತ್ತದೆ. ನನ್ನ ಬೆರಗು ಶುರುವಾಗುವುದು ಅಲ್ಲಿಂದ. ರೋಲರ್ ಕೋಸ್ಟರಿನ ಎತ್ತರ, ಕೋಟೆಯ ಗೋಪುರ, ಪಟಾಕಿಯ ಪ್ರದರ್ಶನ ಎಲ್ಲದರ ಬಗ್ಗೆಯೂ ಬೇಕಾದಷ್ಟು ಬರೆದಿದ್ದಾರೆ. ಇಷ್ಟು ಜನಕ್ಕೆ, ಇಷ್ಟು ಹೊತ್ತಿಗೆ, ಬಿಸಿ ಆರುವ ಮುನ್ನ ಊಟ ತಲುಪಿಸುವ ಕೆಲಸ ಅವೆಲ್ಲಕ್ಕಿಂತ ದೊಡ್ಡದು.

1964-65ರಲ್ಲಿ ಡಿಸ್ನಿ ಕಂಪನಿ ಇಲ್ಲಿ 27,000 ಎಕರೆಗೂ ಹೆಚ್ಚು ಜೌಗು ನೆಲ, ದನ ಮೇಯುವ ಹುಲ್ಲುಗಾವಲನ್ನು ಬೇರೆ ಬೇರೆ ಸಣ್ಣ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಖರೀದಿಸಿತು. ಕೊಳ್ಳುವವರು ಯಾರೆಂದು ಗೊತ್ತಾದರೆ ಬೆಲೆ ಏರುತ್ತದೆಂಬ ಭಯ. ಮೊದಲ ಪಾರ್ಕ್ 1971ರ ಅಕ್ಟೋಬರ್ 1ರಂದು ತೆರೆಯಿತು. ಪೇಟೆ ಬಂದದ್ದು 1975ರ ಮಾರ್ಚ್ 22ರಂದು, ಲೇಕ್ ಬ್ಯೂನಾ ವಿಸ್ಟಾ ಶಾಪಿಂಗ್ ವಿಲೇಜ್ ಎಂಬ ಹೆಸರಿನಲ್ಲಿ. ಆಗ ಅದು ಕೆರೆಯಂಚಿನ ಒಂದಿಷ್ಟು ಅಂಗಡಿಗಳ ಸಾಲು. 1977ರಲ್ಲಿ ದಡದಲ್ಲಿ ಒಂದು ಹಬೆ ಹಡಗು ಬಂದು ನಿಂತಿತು. 220 ಅಡಿ ಉದ್ದದ ಆ ಹಡಗಿಗೆ ವಾಲ್ಟ್ ಡಿಸ್ನಿಯವರ ಹೆಂಡತಿ ಲಿಲಿಯನ್ ಅವರ ಗೌರವಾರ್ಥ ಎಂಪ್ರೆಸ್ ಲಿಲಿ ಎಂದು ಹೆಸರಿಟ್ಟರು. ಅದು ತೇಲುವ ಹಡಗಲ್ಲ, ನೀರಿನಡಿ ಅಡಿಪಾಯ ಹಾಕಿ ಕಟ್ಟಿದ ರೆಸ್ಟೋರೆಂಟ್ ಕಟ್ಟಡ. ಇವತ್ತಿಗೂ ಅಲ್ಲೇ ಇದೆ, ಪ್ಯಾಡಲ್‌ಫಿಶ್ ಎಂಬ ಹೆಸರಿನಲ್ಲಿ ಮೀನೂಟ ಬಡಿಸುತ್ತಿದೆ. ಪೇಟೆಯೂ ಹೆಸರು ಬದಲಿಸುತ್ತಲೇ ಬೆಳೆಯಿತು. 1989ರಲ್ಲಿ ರಾತ್ರಿ ಕ್ಲಬ್ಬುಗಳ ಪ್ಲೆಷರ್ ಐಲ್ಯಾಂಡ್ ಸೇರಿಕೊಂಡಿತು, 1997ರಲ್ಲಿ ವೆಸ್ಟ್ ಸೈಡ್ ಸೇರಿ ಡೌನ್‌ಟೌನ್ ಡಿಸ್ನಿ ಆಯಿತು, 2015ರ ಸೆಪ್ಟೆಂಬರ್‌ನಲ್ಲಿ ಡಿಸ್ನಿ ಸ್ಪ್ರಿಂಗ್ಸ್ ಆಯಿತು. ಈಗ ಮಾರ್ಕೆಟ್‌ಪ್ಲೇಸ್, ಲ್ಯಾಂಡಿಂಗ್, ಟೌನ್ ಸೆಂಟರ್, ವೆಸ್ಟ್ ಸೈಡ್ ಎಂದು ನಾಲ್ಕು ಕೇರಿಗಳು.

ಈ ಪೇಟೆಯ ಗಾತ್ರ ತಿಳಿಯಲು ಒಂದೇ ಒಂದು ಹೋಟೆಲಿನ ಲೆಕ್ಕ ನೋಡಿದರೆ ಸಾಕು. ಲ್ಯಾಂಡಿಂಗ್ ಕೇರಿಯಲ್ಲಿ, ನೀರಿನ ಅಂಚಿಗೇ ಬೋಟ್‌ಹೌಸ್ ಎಂಬ ರೆಸ್ಟೋರೆಂಟ್ 2015ರಲ್ಲಿ ತೆರೆಯಿತು. ಅಮೆರಿಕದ ರೆಸ್ಟೋರೆಂಟ್ ಬಿಸಿನೆಸ್ ಪತ್ರಿಕೆ ಪ್ರತಿ ವರ್ಷ, ಸರಣಿ ಹೋಟೆಲುಗಳನ್ನು ಬಿಟ್ಟು, ಸ್ವತಂತ್ರ ರೆಸ್ಟೋರೆಂಟುಗಳಲ್ಲಿ ಅತಿ ಹೆಚ್ಚು ವ್ಯಾಪಾರ ಮಾಡಿದ ನೂರನ್ನು ಪಟ್ಟಿ ಮಾಡುತ್ತದೆ. 2020ರ ಪಟ್ಟಿಯಲ್ಲಿ ಬೋಟ್‌ಹೌಸ್ ಇಡೀ ದೇಶಕ್ಕೆ ಎರಡನೆಯದು. ಒಂದು ವರ್ಷದ ವಹಿವಾಟು 3.5 ಕೋಟಿ ಡಾಲರಿಗೂ ಹೆಚ್ಚು. ಬಡಿಸಿದ ಊಟ 8.2 ಲಕ್ಷ. ಒಂದು ಊಟದ ಸರಾಸರಿ ಬಿಲ್ಲು 43 ಡಾಲರ್.

8.2 ಲಕ್ಷ ಎಂಬುದನ್ನು ಒಂದೇ ಉಸಿರಿಗೆ ಓದಿ ಮುಂದೆ ಹೋಗಿಬಿಡಬಹುದು. ನಾನು ಅದನ್ನು ಒಡೆದು ನೋಡಿದೆ. ವರ್ಷದ 365 ದಿನವೂ ಬಾಗಿಲು ತೆರೆದಿತ್ತೆಂದು ಇಟ್ಟುಕೊಂಡರೂ ದಿನಕ್ಕೆ ಸುಮಾರು 2,250 ಊಟ. ಬೆಳಿಗ್ಗೆ 11ರಿಂದ ರಾತ್ರಿ 11ರವರೆಗೆ ಎಂದು ಹಿಡಿದರೆ ಗಂಟೆಗೆ 187. ನಿಮಿಷಕ್ಕೆ ಮೂರು. ಹೊರಗೆ ಮಳೆ ಬರಲಿ, ಬಿಸಿಲು ಸುಡಲಿ, ಸೋಮವಾರವಾಗಲಿ, ಕ್ರಿಸ್ಮಸ್ ಆಗಲಿ, 20 ಸೆಕೆಂಡಿಗೊಂದು ಊಟ ಅಡುಗೆಮನೆಯ ಕಿಂಡಿಯಿಂದ ಹೊರಗೆ ಬರುತ್ತಲೇ ಇರಬೇಕು. ಇಡ್ಲಿಯನ್ನಾದರೆ ಹಬೆಯಲ್ಲಿ ರಾಶಿ ಬೇಯಿಸಿಡಬಹುದು. ಇಲ್ಲಿ ಬಡಿಸುವುದು ಮಾಂಸದ ದೊಡ್ಡ ತುಂಡುಗಳು, ಸಮುದ್ರದ ಮೀನು. ಒಬ್ಬರಿಗೆ ಹದವಾಗಿ ಬೇಯಬೇಕು, ಇನ್ನೊಬ್ಬರಿಗೆ ಅರೆಬೆಂದಿರಬೇಕು, ಮೂರನೆಯವರಿಗೆ ಕಡಲೆಕಾಯಿ ಸೋಂಕಿದರೂ ಅಲರ್ಜಿ. ಒಂದು ಮೇಜಿನ ಆರು ತಟ್ಟೆಗಳು ಒಟ್ಟಿಗೆ ಹೋಗದಿದ್ದರೆ ಊಟ ಕೆಟ್ಟಂತೆಯೇ. ಮದುವೆ ಮನೆಯಲ್ಲಿ ಸಾವಿರ ಎಲೆ ಹಾಕಿಸಿ ಗೊತ್ತಿರುವ ಅಡುಗೆ ಭಟ್ಟರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಅವರಿಗಾದರೂ ಮರುದಿನ ಬಿಡುವಿರುತ್ತದೆ.

ಬೋಟ್‌ಹೌಸ್‌ನಲ್ಲಿ ಊಟದ ಜೊತೆಗೆ ಇನ್ನೊಂದು ವಿಸ್ಮಯವಿದೆ. 1960ರ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿ ಆಂಫಿಕಾರ್ ಎಂಬ, ರಸ್ತೆಯಲ್ಲೂ ನೀರಿನಲ್ಲೂ ಓಡುವ ಕಾರನ್ನು ತಯಾರಿಸಿದರು. ಒಟ್ಟು ತಯಾರಾದದ್ದು 4,000ಕ್ಕಿಂತ ಕಡಿಮೆ. ಅಂಥ ಕೆಲವು ಹಳೆಯ ಕಾರುಗಳು ಈ ಹೋಟೆಲಿನ ಪಕ್ಕದ ಇಳಿಜಾರಿನಿಂದ ನೇರವಾಗಿ ಕೆರೆಗಿಳಿದು, ಜನರನ್ನು ಕೂರಿಸಿಕೊಂಡು ಸುತ್ತು ಹಾಕುತ್ತವೆ. ಬೋಟ್‌ಹೌಸ್‌ನ ಕಲ್ಪನೆ ಸ್ಟೀವನ್ ಶುಸ್ಲರ್ ಅವರದು. ಇದೇ ಪೇಟೆಯಲ್ಲಿರುವ ರೇನ್‌ಫಾರೆಸ್ಟ್ ಕೆಫೆಯನ್ನೂ ಡೈನೋಸಾರ್‌ಗಳ ನಡುವೆ ಕೂರಿಸಿ ಊಟ ಹಾಕುವ ಟಿ-ರೆಕ್ಸ್ ಹೋಟೆಲನ್ನೂ ರೂಪಿಸಿದವರು ಅವರೇ. ಕಾಡಿನಂಥ ಹೋಟೆಲಿಗೆ ಹಣ ಹಾಕುವವರು ಸಿಗದಿದ್ದಾಗ ತಮ್ಮ ಸ್ವಂತ ಮನೆಯನ್ನೇ ಗಿಡ, ಜಲಪಾತ, ಗಿಳಿಗಳಿಂದ ತುಂಬಿ ತೋರಿಸಿದ ಮನುಷ್ಯ. ಇಂಥ ಹಟವಿಲ್ಲದೆ ಇಂಥ ಗಾತ್ರ ಬರುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಒಂದು ಹೋಟೆಲಿನಿಂದ ಇಡೀ ಡಿಸ್ನಿ ವರ್ಲ್ಡ್‌ಗೆ ಕಣ್ಣು ಹಾಯಿಸಿದರೆ ಸಂಖ್ಯೆಗಳ ಜಾತಿಯೇ ಬದಲಾಗುತ್ತದೆ. ಕಂಪನಿಯೇ ಪ್ರಕಟಿಸುತ್ತ ಬಂದಿರುವ ಲೆಕ್ಕದಂತೆ ವರ್ಷಕ್ಕೆ ಅಲ್ಲಿ ಕುಡಿಯುವ ಕೋಕ್ 7.5 ಕೋಟಿ, ನೀರಿನ ಬಾಟಲಿ 1.3 ಕೋಟಿ, ತಿನ್ನುವ ಹ್ಯಾಂಬರ್ಗರ್ 1 ಕೋಟಿ, ಹಾಟ್ ಡಾಗ್ 60 ಲಕ್ಷ. ಆಲೂಗಡ್ಡೆಯ ಫ್ರೆಂಚ್ ಫ್ರೈಸ್ 90 ಲಕ್ಷ ಪೌಂಡ್, ಅಂದರೆ ನಾಲ್ಕು ಸಾವಿರ ಟನ್ ದಾಟುತ್ತದೆ. ದಿನಕ್ಕೆ ಹನ್ನೊಂದು ಟನ್. ಸಿಪ್ಪೆ ತೆಗೆದು ಹೆಚ್ಚಿದ ಮೇಲಿನ ತೂಕ ಅದು. ಹೊಲದಿಂದ ಬಂದ ಗಡ್ಡೆಯ ತೂಕ ಅದಕ್ಕಿಂತ ಹೆಚ್ಚು. ನನ್ನನ್ನು ನಿಜವಾಗಿ ನಿಲ್ಲಿಸಿದ ಸಂಖ್ಯೆ ಬೇರೆಯದು: ಟರ್ಕಿ ಕೋಳಿಯ ಕಾಲು, ವರ್ಷಕ್ಕೆ 16 ಲಕ್ಷ. ಮಕ್ಕಳು ಕೈಯಲ್ಲಿ ಹಿಡಿದು ನಡೆಯುತ್ತ ತಿನ್ನುವ ತಿನಿಸು ಅದು. ಒಂದು ಕೋಳಿಗೆ ಎರಡೇ ಕಾಲು. 8 ಲಕ್ಷ ಹಕ್ಕಿಗಳು, ದಿನಕ್ಕೆ ಎರಡು ಸಾವಿರಕ್ಕೂ ಮೇಲೆ. ಮಾಂಸ ತಿನ್ನುವವರಾಗಲಿ ತಿನ್ನದವರಾಗಲಿ, ಈ ಲೆಕ್ಕದ ಮುಂದೆ ಒಂದು ಗಳಿಗೆ ಸುಮ್ಮನಾಗಲೇಬೇಕು.

ಇಷ್ಟು ದೊಡ್ಡ ಒಲೆ ಕೊರೋನಾ ಬಂದಾಗ ಒಂದು ವಾರದಲ್ಲಿ ಆರಿತು. 2020ರ ಮಾರ್ಚ್ 16ರಂದು ಪಾರ್ಕುಗಳು ಮುಚ್ಚಿದವು, 17ರಂದು ಡಿಸ್ನಿ ಸ್ಪ್ರಿಂಗ್ಸ್. ಶೈತ್ಯಾಗಾರಗಳಲ್ಲಿ ತುಂಬಿಟ್ಟಿದ್ದ ಸೊಪ್ಪು, ಹಣ್ಣು, ತರಕಾರಿ ಯಾರಿಗೂ ಕಾಯುವಂಥವಲ್ಲ. ಪಾರ್ಕುಗಳಲ್ಲಿ ಮಿಕ್ಕಿದ್ದನ್ನು ಆ ಭಾಗದ ಬಡವರಿಗೆ ಆಹಾರ ಹಂಚುವ ಸೆಕೆಂಡ್ ಹಾರ್ವೆಸ್ಟ್ ಫುಡ್ ಬ್ಯಾಂಕ್ ಸಂಸ್ಥೆಗೆ ಕೊಟ್ಟರು. ಮಾಮೂಲಿ ದಿನಗಳಲ್ಲೂ ಬಡಿಸದೆ ಉಳಿದ ಅಡುಗೆ ಆ ಸಂಸ್ಥೆಗೆ ಹೋಗುವ ಏರ್ಪಾಡು ಮೊದಲಿನಿಂದಲೇ ಇತ್ತು. ಮೇ 20ರಂದು ಪೇಟೆಯ ಕೆಲವು ಬಾಗಿಲುಗಳು ಪಾರ್ಕುಗಳಿಗಿಂತ ಮೊದಲು ತೆರೆದವು. ಎಲ್ಲರಿಗೂ ಕೆಲಸ ಮರಳಿ ಸಿಗಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಡಿಸ್ನಿ ಅಮೆರಿಕದ ತನ್ನ ಪಾರ್ಕ್ ವಿಭಾಗದಿಂದ 28,000 ಜನರನ್ನು ತೆಗೆಯುವುದಾಗಿ ಪ್ರಕಟಿಸಿತು. ನಿನ್ನೆಯವರೆಗೆ ಊಟ ಬಡಿಸಿದ ಕೈಗಳು ಆಹಾರ ಹಂಚುವ ಸಾಲಿನಲ್ಲಿ ನಿಂತ ವರ್ಷ ಅದು. ಕೆಲಸ ಉಳಿದವರಿಗೆ, ಡಿಸ್ನಿ ವರ್ಲ್ಡ್‌ನ ಕಾರ್ಮಿಕ ಸಂಘಗಳು 2018ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಕನಿಷ್ಠ ಕೂಲಿ ಹಂತ ಹಂತವಾಗಿ ಏರಿ 2021ರಲ್ಲಿ ಗಂಟೆಗೆ 15 ಡಾಲರ್ ಮುಟ್ಟಿತು. ಆ ಕೂಲಿಯವರು ಬೋಟ್‌ಹೌಸ್‌ನ 43 ಡಾಲರಿನ ಊಟ ಉಣ್ಣಬೇಕಾದರೆ ಹೆಚ್ಚುಕಡಿಮೆ ಮೂರು ಗಂಟೆ ದುಡಿಯಬೇಕಿತ್ತು. 2023ರ ಒಪ್ಪಂದ ಕನಿಷ್ಠ ಕೂಲಿಯನ್ನು 18 ಡಾಲರಿಗೆ ಏರಿಸಿತು. ಸಂಘಗಳು ಹೋರಾಡದೆ ಆ ಮೂರು ಡಾಲರ್ ಬಂದಿರುತ್ತಿರಲಿಲ್ಲ.

ಮಗ ಅಥವಾ ಮಗಳು ಅಮೆರಿಕದಲ್ಲಿದ್ದು, ರಜೆಯಲ್ಲಿ ಅಪ್ಪ ಅಮ್ಮನನ್ನೂ ಕರೆದುಕೊಂಡು ಒರ್ಲ್ಯಾಂಡೊಗೆ ಹೋಗುವ ಕನ್ನಡದ ಕುಟುಂಬಗಳು ಈಗ ಕಡಿಮೆಯಿಲ್ಲ. ಅಂಥವರಿಗೆ 60 ಎಂಬ ಸಂಖ್ಯೆ ಎರಡು ಸಲ ಎದುರಾಗುತ್ತದೆ. ಒಂದು, ಹೋಟೆಲುಗಳ ಸಂಖ್ಯೆ. ಇನ್ನೊಂದು, ಡಿಸ್ನಿ ವರ್ಲ್ಡ್‌ನಲ್ಲಿ ಮೇಜು ಕಾದಿರಿಸಲು ಅವಕಾಶ ತೆರೆಯುವುದು 60 ದಿನ ಮುಂಚೆ. ಹೆಸರುವಾಸಿ ಜಾಗಗಳ ಸಂಜೆಯ ಹೊತ್ತು ಬೇಗ ತುಂಬಿಹೋಗುತ್ತದೆ. ಎರಡು ತಿಂಗಳ ಮುಂದಿನ ಒಂದು ಶುಕ್ರವಾರ ಸಂಜೆ 7 ಗಂಟೆಗೆ ನಮಗೆ ಹಸಿವಾಗುತ್ತದೆ, ಅದೂ ಇಂಥದ್ದೇ ಊಟಕ್ಕೆ ಎಂದು ಮೊದಲೇ ತೀರ್ಮಾನಿಸಬೇಕು. ತೀರ್ಮಾನಿಸದೆ ಹೋದವರಿಗೆ ಉಪವಾಸವೇನೂ ಬರುವುದಿಲ್ಲ. ಕೌಂಟರಿನ ಹೋಟೆಲುಗಳಿಗೆ ಬುಕಿಂಗ್ ಬೇಡ. ದೊಡ್ಡ ಹೋಟೆಲುಗಳಲ್ಲೂ ಮಧ್ಯಾಹ್ನ 3ರ ಸುಮಾರಿಗೆ ಹೋದರೆ ಜಾಗ ಸಿಗುವ ಸಾಧ್ಯತೆ ಹೆಚ್ಚು. ವಯಸ್ಸಾದವರು ಜೊತೆಗಿದ್ದರೆ ಮೊದಲು ಕೇರಿ ಆರಿಸಿ, ಆಮೇಲೆ ಹೋಟೆಲು. ಒಂದು ತುದಿಯಿಂದ ಇನ್ನೊಂದಕ್ಕೆ ಸುಮಾರು ಒಂದು ಕಿಲೋಮೀಟರ್ ನಡಿಗೆ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗಿನ ಮಳೆ ಬೇರೆ.

ಅತಿ ಉದ್ದದ ಕಾಯುವಿಕೆ ಅತಿ ದೊಡ್ಡ ಹೋಟೆಲಿನಲ್ಲೇ ಇರಬೇಕೆಂದೇನೂ ಇಲ್ಲ. ಗಿಡಿಯನ್ಸ್ ಬೇಕ್‌ಹೌಸ್ ಎಂಬ ಕತ್ತಲು ಕತ್ತಲಾದ ಪುಟ್ಟ ಬೇಕರಿ 2021ರ ಜನವರಿಯಲ್ಲಿ ಬಂತು. ಅದರ ಒಂದೊಂದು ಕುಕಿಯೂ ಹತ್ತಿರ ಹತ್ತಿರ ಅರ್ಧ ಪೌಂಡ್, 220 ಗ್ರಾಂ ತೂಗುತ್ತದೆ. ಅದಕ್ಕಾಗಿ ಗಂಟೆಗಟ್ಟಲೆ ಕಾಯುವವರಿದ್ದಾರೆ. ಫೋನ್ ನಂಬರ್ ಕೊಟ್ಟು ಹೋದರೆ ಸರದಿ ಬಂದಾಗ ಮೆಸೇಜ್ ಬರುವ ವ್ಯವಸ್ಥೆ ಮಾಡಿದ್ದು ಅದಕ್ಕೇ.

ಸಸ್ಯಾಹಾರಿಗಳಿಗೆ ಒಂದು ಮಾತು. 2019ರಲ್ಲಿ ಡಿಸ್ನಿ ವರ್ಲ್ಡ್ ತನ್ನ ಮೆನುಗಳಲ್ಲಿ 400ಕ್ಕೂ ಹೆಚ್ಚು ತಿನಿಸುಗಳಿಗೆ ಹಸಿರು ಎಲೆಯ ಗುರುತು ಹಾಕಿತು. ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಜೇನು ಕೂಡ ಇಲ್ಲದ ಅಡುಗೆಗೆ ಆ ಗುರುತು. ಆದರೆ ಡಿಸ್ನಿ ಸ್ಪ್ರಿಂಗ್ಸ್‌ನ ಬಹುಪಾಲು ಹೋಟೆಲುಗಳನ್ನು ನಡೆಸುವುದು ಬೇರೆ ಬೇರೆ ಕಂಪನಿಗಳು. ಅಲ್ಲಿ ಒಂದೊಂದರದೂ ಒಂದೊಂದು ಮೆನು, ಒಂದೊಂದು ಪದ್ಧತಿ. ಎಲೆಯ ಗುರುತನ್ನೇ ನಂಬಿ ಹೋಗದೆ, ಮೆನುವನ್ನು ಮನೆಯಲ್ಲೇ ಓದಿಕೊಂಡು, ಕೂತ ಮೇಲೆ ಬಾಯಿಬಿಟ್ಟು ಕೇಳುವುದೇ ಸರಿ.

ಕನ್ನಡಿಗರು ಹುಡುಕಿಕೊಂಡು ಹೋಗಬೇಕಾದ ಒಂದು ಜಾಗ ಮಾರ್ಕೆಟ್‌ಪ್ಲೇಸ್ ಕೇರಿಯಲ್ಲಿದೆ. ಹೆಸರು ಈಟ್. 2023ರಲ್ಲಿ ಅದನ್ನು ತೆರೆದವರು ಮನೀತ್ ಚೌಹಾಣ್, ಅಮೆರಿಕದ ಟಿವಿ ಅಡುಗೆ ಸ್ಪರ್ಧೆಗಳ ತೀರ್ಪುಗಾರ್ತಿಯಾಗಿ ಮನೆಮಾತಾದ ಬಾಣಸಿಗ. ಹುಟ್ಟಿದ್ದು ಪಂಜಾಬಿನಲ್ಲಿ, ಬೆಳೆದದ್ದು ರಾಂಚಿಯಲ್ಲಿ, ಹೋಟೆಲ್ ವಿದ್ಯೆ ಕಲಿತದ್ದು ನಮ್ಮ ಮಣಿಪಾಲದ ವೆಲ್‌ಕಮ್‌ಗ್ರೂಪ್ ಸಂಸ್ಥೆಯಲ್ಲಿ. ಅಲ್ಲಿಂದ ನ್ಯೂಯಾರ್ಕ್ ರಾಜ್ಯದ ಕಲಿನರಿ ಇನ್‌ಸ್ಟಿಟ್ಯೂಟ್‌ಗೆ ಹೋದರು. ಅಮೆರಿಕದ ಚೀಸ್, ಬ್ರೆಡ್ಡು, ಆಲೂಗಡ್ಡೆಗೆ ನಮ್ಮ ಮಸಾಲೆ ಕೂಡಿಸುವ ಅಡುಗೆ ಅವರದು. ಈಟ್‌ನಲ್ಲಿ ನಾನ್ ರೊಟ್ಟಿಯ ಮೇಲೆ ಪಿಜ್ಜಾ ಮಾಡಿ ಕೊಡುತ್ತಾರೆ. ಎರಡು ತಿಂಗಳ ಮೊದಲೇ ಮೇಜು ಕಾದಿರಿಸುವ ಗೊಡವೆ ಇಲ್ಲ. ಕೌಂಟರಿನಲ್ಲಿ ಬೇಕಾದ್ದು ಹೇಳಿ, ದುಡ್ಡು ಕೊಟ್ಟು, ಖಾಲಿ ಮೇಜು ನೋಡಿ ಕೂತರಾಯಿತು.