ಹಾರಿಸೋ ಮುಂಚೆ ಗೊತ್ತಿರಬೇಕಾದ ಪದಗಳು: ಡ್ರೋನ್ ಕಲಿಕೆಗೊಂದು ಪುಟ್ಟ ಪದಕೋಶ

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಪ್ರಾಜೆಕ್ಟ್ ಡ್ರೋನ್ ತೆಂಗಿನಮರಕ್ಕೆ ಹೊಡೆದುಕೊಂಡಿತು. ಅವತ್ತು ಗಾಳಿ ಇರಲಿಲ್ಲ. ಮೋಟಾರ್ ಕೈಕೊಡಲಿಲ್ಲ. ಬ್ಯಾಟರಿಯಲ್ಲಿ ಚಾರ್ಜೂ ಇತ್ತು. ರಿಮೋಟ್ ಹಿಡಿದಿದ್ದ ಗೆಳೆಯ ಮಾತಾಡ್ತಾ ಮಾತಾಡ್ತಾ ವರ್ಕ್‌ಶಾಪ್ ಕಟ್ಟಡದ ಹಿಂದಕ್ಕೆ ನಡೆದ, ಸಿಗ್ನಲ್ ತಪ್ಪಿತು. ಡ್ರೋನ್ ತನ್ನೊಳಗೆ ಬರೆದಿದ್ದ ಹಾಗೆಯೇ 15 ಮೀಟರ್ ಎತ್ತರಕ್ಕೆ ಏರಿ, ಹೊರಟ ಜಾಗದ ಕಡೆಗೆ ನೇರವಾಗಿ ವಾಪಸ್ ಹೊರಟಿತು. ಆ ನೇರ ದಾರಿಯಲ್ಲಿ 15 ಮೀಟರ್‌ಗಿಂತ ಎತ್ತರದ ತೆಂಗಿನಮರ ಇತ್ತು. ಮರದ ಹತ್ತಿರ ಇಬ್ಬರು ಜೂನಿಯರ್‌ಗಳು ಕೂತು ಓದ್ತಿದ್ದರು. ಮುರಿದ ಪ್ರೊಪೆಲ್ಲರ್ ಅವರಿಂದ ಒಂದು ಮಾರು ದೂರಕ್ಕೆ ಬಿತ್ತು.

ಯಾರಿಗೂ ಪೆಟ್ಟಾಗಲಿಲ್ಲ, ಅದು ನಮ್ಮ ಪುಣ್ಯ. ಮರ ಹತ್ತಿ ಡ್ರೋನ್ ಇಳಿಸಿಕೊಟ್ಟ ತೋಟದ ಅಣ್ಣ ನಗ್ತಾ ಒಂದು ಮಾತು ಹೇಳಿದ್ರು: "ಏನ್ರಪ್ಪಾ, ಮೇಲಕ್ಕೆ ಹೋಗೋದು ಕಲಿಸಿದೀರ, ವಾಪಸ್ ಬರೋ ದಾರಿ ಕಲಿಸಿಲ್ವಾ?"

ನಿಜ ಹೇಳಬೇಕಂದ್ರೆ ಕಲಿಸಿರಲಿಲ್ಲ. ನಮ್ಮ ಟೀಮಿನ ನಾಲ್ಕೂ ಜನರ ಹತ್ತಿರ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಇತ್ತು. "ಫೇಲ್‌ಸೇಫ್ ಅಂದರೇನು?" ಅನ್ನೋ ಪ್ರಶ್ನೆಗೆ ಕ್ವಿಜ್‌ನಲ್ಲಿ ನಾಲ್ಕೂ ಜನ ಸರಿಯುತ್ತರ ಒತ್ತಿದ್ದೆವು. ಆದರೆ ನಮ್ಮ ಡ್ರೋನಿನಲ್ಲಿ ಆ ಸಂಖ್ಯೆ ಎಷ್ಟಿದೆ ಅಂತ ಒಬ್ಬರೂ ತೆಗೆದು ನೋಡಿರಲಿಲ್ಲ. ನಮ್ಮದು ಪುಸ್ತಕದ ಬದನೆಕಾಯಿ ಆಗಿತ್ತು. ಆ ಘಟನೆ ಆದಮೇಲೆ ಒಂದೊಂದೇ ಪದವನ್ನು ಮತ್ತೆ ಕಲಿತು ಬರೆದಿಟ್ಟುಕೊಂಡ ಟಿಪ್ಪಣಿ ಇದು. ಈ ವರ್ಷ ಡ್ರೋನ್ ಪ್ರಾಜೆಕ್ಟ್ ತಗೊಳ್ಳೋರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಕೊಡ್ತಿದ್ದೇನೆ.

ಮೊದಲು ಕಲಿಕೆಯ ಪದಗಳು

ಮೂಕ್: ಸಾವಿರಾರು ಜನ ಒಟ್ಟಿಗೆ ಸೇರಬಹುದಾದ, ಯಾರಿಗೂ ಬಾಗಿಲು ಮುಚ್ಚದ ಆನ್‌ಲೈನ್ ಕೋರ್ಸ್. ನಮಗೆಲ್ಲ ಗೊತ್ತಿರೋ ಎನ್‌ಪಿಟಿಇಎಲ್ 2003ರಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಶುರು ಮಾಡಿದ್ದು. ಕೇಂದ್ರ ಸರ್ಕಾರದ ಸ್ವಯಂ ವೇದಿಕೆ ಬಂದದ್ದು 2017ರಲ್ಲಿ. ಎನ್‌ಪಿಟಿಇಎಲ್ ಸರ್ಟಿಫಿಕೇಟಿನಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯೋ ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟ್ ಉತ್ತರ ವಾಟ್ಸ್ಯಾಪ್ ಗ್ರೂಪಿನಲ್ಲಿ ಸಿಗಬಹುದು, ಆ 75 ಸಿಗಲ್ಲ.

ಸಿಂಕ್ರೊನಸ್, ಅಸಿಂಕ್ರೊನಸ್: ಎಲ್ಲರೂ ಒಂದೇ ಹೊತ್ತಿಗೆ ಕೂತು ಕೇಳೋ ಲೈವ್ ಕ್ಲಾಸ್ ಮೊದಲನೆಯದು. ನಮಗೆ ಬೇಕಾದಾಗ ನೋಡೋ ರೆಕಾರ್ಡೆಡ್ ಪಾಠ ಎರಡನೆಯದು. ಎರಡನೆಯದರಲ್ಲಿ ಅನುಕೂಲ ಜಾಸ್ತಿ, ಮೋಸವೂ ಜಾಸ್ತಿ. ಎರಡು ಪಟ್ಟು ವೇಗದಲ್ಲಿ ಓಡಿಸಿದರೂ "ನೋಡಿ ಮುಗಿಸಿದ್ದೀರಿ" ಅನ್ನೋ ಹಸಿರು ಗುರುತು ಬಂದುಬಿಡುತ್ತೆ.

ಕ್ರೆಡಿಟ್ ಬ್ಯಾಂಕ್: ಬೇರೆ ಬೇರೆ ಕಡೆ ಗಳಿಸಿದ ಕ್ರೆಡಿಟ್‌ಗಳನ್ನು ಒಂದೇ ಖಾತೆಯಲ್ಲಿ ಇಡೋ ಡಿಜಿಟಲ್ ವ್ಯವಸ್ಥೆ. ಇದರ ಪೂರ್ತಿ ಹೆಸರು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ಜಾರಿಗೆ ಬಂದದ್ದು 2021ರಲ್ಲಿ. ಹಣದ ಬ್ಯಾಂಕಿನ ಹಾಗೆ ಇಲ್ಲೂ ಜಮೆ ಆಗೋದು ಕ್ರೆಡಿಟ್ ಮಾತ್ರ. ಕೌಶಲ ನಮ್ಮ ಕೈಯಲ್ಲೇ ಇರಬೇಕು.

ಸಿಮ್ಯುಲೇಟರ್: ನಿಜವಾದ ಡ್ರೋನ್ ಇಲ್ಲದೆ ಲ್ಯಾಪ್‌ಟಾಪಿನಲ್ಲಿ ಹಾರಿಸೋ ಸಾಧನ. ಆರ್ಡುಪೈಲಟ್, ಪಿಎಕ್ಸ್4 ಎರಡೂ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳು. ಡ್ರೋನಿನ ಮೇಲೆ ಓಡೋ ಅದೇ ಕೋಡನ್ನು ಲ್ಯಾಪ್‌ಟಾಪಿನ ಮೇಲೂ ಓಡಿಸಿ ನೋಡಬಹುದು, ದುಡ್ಡು ಕೊಡಬೇಕಿಲ್ಲ. ನೂರು ಸಲ ಬೀಳಿಸಿದರೂ ಒಂದು ಸ್ಕ್ರೂ ಮುರಿಯಲ್ಲ. ಆದರೆ ಒಂದು ಮಾತು ನೆನಪಿರಲಿ. ನೀವಾಗಿ ನೆಡದಿದ್ದರೆ ಸಿಮ್ಯುಲೇಟರಿನಲ್ಲಿ ತೆಂಗಿನಮರ ಇರಲ್ಲ.

ಹಾರಾಟದ ಪದಗಳು

ಪಿಚ್, ರೋಲ್, ಯಾ: ಮೂತಿ ಕೆಳಗೆ ಮೇಲೆ ಬಾಗೋದು ಪಿಚ್. ಎಡಕ್ಕೆ ಬಲಕ್ಕೆ ವಾಲೋದು ರೋಲ್. ನಿಂತಲ್ಲೇ ಬುಗುರಿ ಥರ ತಿರುಗೋದು ಯಾ. ಕ್ವಾಡ್‌ಕಾಪ್ಟರಿನಲ್ಲಿ ಎರಡು ಮೋಟಾರ್ ಪ್ರದಕ್ಷಿಣೆಯಾಗಿ, ಎರಡು ಅಪ್ರದಕ್ಷಿಣೆಯಾಗಿ ತಿರುಗುತ್ತವೆ. ಒಂದೇ ದಿಕ್ಕಿಗೆ ತಿರುಗೋವು ಎದುರುಬದುರು ಮೂಲೆಯಲ್ಲಿರುತ್ತವೆ. ಎರಡೂ ಜೋಡಿಯ ತಿರುಚುಬಲ ಒಂದನ್ನೊಂದು ಕಳೆದುಹಾಕೋದರಿಂದ ಡ್ರೋನ್ ನೆಟ್ಟಗೆ ನಿಲ್ಲುತ್ತೆ. ಒಂದು ಜೋಡಿಯ ವೇಗ ಹೆಚ್ಚಿಸಿ ಇನ್ನೊಂದರದು ಇಳಿಸಿದರೆ ಯಾ. ಹಿಂದಿನ ಎರಡರ ವೇಗ ಹೆಚ್ಚಿಸಿದರೆ ಮೂತಿ ಬಾಗಿ ಮುಂದಕ್ಕೆ ಹೋಗುತ್ತೆ. ಅಲ್ಲಿ ಸ್ಟೀರಿಂಗ್ ಇಲ್ಲ, ಬ್ರೇಕ್ ಇಲ್ಲ, ನಾಲ್ಕು ವೇಗಗಳ ಲೆಕ್ಕ ಅಷ್ಟೇ.

ಇಎಸ್‌ಸಿ, ಕೆವಿ: ಫ್ಲೈಟ್ ಕಂಟ್ರೋಲರ್ ಹೇಳಿದಷ್ಟು ವೇಗಕ್ಕೆ ಮೋಟಾರನ್ನು ತಿರುಗಿಸೋ ಸರ್ಕ್ಯೂಟ್ ಇಎಸ್‌ಸಿ. ಮೋಟಾರಿನ ಮೇಲೆ ಬರೆದಿರೋ ಕೆವಿ ಕಿಲೋವೋಲ್ಟ್ ಅಲ್ಲ, ವೈವಾದಲ್ಲಿ ಬಹಳ ಜನ ಇಲ್ಲೇ ಜಾರಿ ಬೀಳ್ತಾರೆ. ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು ಕೆವಿ. 920 ಕೆವಿ ಮೋಟಾರಿಗೆ 11.1 ವೋಲ್ಟ್ ಕೊಟ್ಟರೆ ಸುಮಾರು 10,200 ಸುತ್ತು. ಪ್ರೊಪೆಲ್ಲರ್ ಹಾಕಿದ ಮೇಲೆ ಅಷ್ಟು ಬರಲ್ಲ.

ಥ್ರಸ್ಟ್ ಅನುಪಾತ: ನಾಲ್ಕೂ ಮೋಟಾರ್ ಸೇರಿ ಎತ್ತಬಲ್ಲ ತೂಕವನ್ನು ಡ್ರೋನಿನ ತೂಕದಿಂದ ಭಾಗಿಸಿದರೆ ಕನಿಷ್ಠ 2 ಬರಬೇಕು ಅನ್ನೋದು ರೂಢಿಯ ಲೆಕ್ಕ. ನಮ್ಮ ಡ್ರೋನ್ 1.6 ಕೆಜಿ ಇತ್ತು. ಹಾಗಾಗಿ ಒಟ್ಟು 3.2 ಕೆಜಿ, ಅಂದರೆ ಒಂದೊಂದು ಮೋಟಾರಿಗೆ 800 ಗ್ರಾಂ ಬೇಕು. ಅನುಪಾತ ಒಂದರ ಹತ್ತಿರ ಇದ್ದರೆ ಡ್ರೋನ್ ಹೇಗೋ ಮೇಲೇಳುತ್ತೆ, ಆದರೆ ಗಾಳಿ ಬೀಸಿದಾಗ ಸಾವರಿಸಿಕೊಳ್ಳೋಕೆ ಶಕ್ತಿ ಉಳಿದಿರಲ್ಲ.

ಪಿಐಡಿ: ಕಂಟ್ರೋಲ್ ಸಿಸ್ಟಮ್ಸ್ ಪರೀಕ್ಷೆಗೆ ಉರು ಹೊಡೆದ ಪದ. ಹಾಸ್ಟೆಲ್ ಬಾತ್‌ರೂಮಿನಲ್ಲಿ ಇದನ್ನು ದಿನಾ ಮಾಡ್ತೀವಿ. ನೀರು ತಣ್ಣಗಿದ್ದಷ್ಟೂ ಬಿಸಿನೀರಿನ ನಲ್ಲಿ ಜಾಸ್ತಿ ತಿರುಗಿಸ್ತೀವಿ, ಅದು ಪಿ. ಎಷ್ಟು ಹೊತ್ತಾದರೂ ಸ್ವಲ್ಪ ತಣ್ಣಗೇ ಇದೆಯಲ್ಲ ಅಂತ ಇನ್ನೊಂಚೂರು ತಿರುಗಿಸ್ತೀವಿ, ಅದು ಐ. ಬಿಸಿ ಜೋರಾಗಿ ಏರ್ತಿದೆ, ಸುಡುತ್ತೆ ಅಂತ ಮೊದಲೇ ಹಿಂದಕ್ಕೆ ತಿರುಗಿಸ್ತೀವಿ, ಅದು ಡಿ. ಡ್ರೋನ್ ಇದನ್ನೇ ಸೆಕೆಂಡಿಗೆ ನೂರಾರು ಸಲ ಮಾಡುತ್ತೆ. ಪಿ ಜಾಸ್ತಿಯಾದರೆ ಗಡಗಡ ನಡುಗುತ್ತೆ. ಐ ಸಾಲದಿದ್ದರೆ ಒಂದೇ ಸಮನೆ ಬೀಸೋ ಗಾಳಿಗೆ ವಾಲಿಕೊಂಡೇ ಇರುತ್ತೆ.

ಬ್ಯಾಟರಿ ಲೆಕ್ಕ

ಲೈಪೋ: ಹಗುರ, ಆದರೆ ಮುಂಗೋಪಿ. 3ಎಸ್ ಅಂದರೆ ಮೂರು ಸೆಲ್ ಸಾಲಾಗಿ. ಒಂದು ಸೆಲ್ಲಿಗೆ ಹೆಸರಿಗೆ 3.7 ವೋಲ್ಟ್, ಒಟ್ಟು 11.1. ಪೂರ್ತಿ ತುಂಬಿದಾಗ ಸೆಲ್ಲಿಗೆ 4.2. ಅದಕ್ಕಿಂತ ಮೇಲೆ ಚಾರ್ಜ್ ಮಾಡಿದರೆ ಬೆಂಕಿ ಹತ್ತೋ ಅಪಾಯ. ತೀರಾ 3 ವೋಲ್ಟಿಗಿಂತ ಕೆಳಗೆ ಇಳಿಸಿದರೆ ಸೆಲ್ ಹಾಳು. ವಾರಗಟ್ಟಲೆ ಎತ್ತಿಡೋದಾದರೆ 3.8ರ ಹತ್ತಿರ ಇಡಬೇಕು. ಊದಿಕೊಂಡ ಬ್ಯಾಟರಿಯನ್ನು "ಇನ್ನೊಂದು ಸಲ ಹಾರಿಸಿ ಬಿಡೋಣ" ಅನ್ನಬೇಡಿ.

ಸಿ ರೇಟಿಂಗ್: ಎಷ್ಟು ಜೋರಾಗಿ ಕರೆಂಟ್ ಎಳೆಯಬಹುದು ಅನ್ನೋ ಸಂಖ್ಯೆ. 5000 ಎಂಎಎಚ್ ಅಂದರೆ 5 ಆಂಪಿಯರ್ ಅವರ್. 25ಸಿ ಇದ್ದರೆ 5 ಗುಣಿಸು 25, ಅಂದರೆ 125 ಆಂಪಿಯರ್.

ಹಾರಾಟದ ಸಮಯ: ಗಾಳಿಯಲ್ಲಿ ಸುಮ್ಮನೆ ನಿಲ್ಲೋಕೆ 20 ಆಂಪಿಯರ್ ಬೇಕು ಅಂದುಕೊಳ್ಳಿ. 5 ಭಾಗಿಸು 20, ಕಾಲು ಗಂಟೆ. ಬ್ಯಾಟರಿಯ 80 ಭಾಗ ಮಾತ್ರ ಬಳಸಬೇಕು, ಹಾಗಾಗಿ 12 ನಿಮಿಷ. ವಾಪಸ್ ಬರೋ ಸಮಯವೂ ಈ 12ರ ಒಳಗೇ ಸೇರಿರಬೇಕು.

ವಾಪಸ್ ಬರೋ ದಾರಿ

ಹೋಮ್ ಪಾಯಿಂಟ್: ಮೋಟಾರ್ ಚಾಲೂ ಮಾಡಿದಾಗ ಜಿಪಿಎಸ್ ಗುರುತು ಹಾಕಿಕೊಳ್ಳೋ ಜಾಗ. ಉಪಗ್ರಹಗಳು ಸರಿಯಾಗಿ ಸಿಗೋ ಮುಂಚೆ ಅವಸರ ಮಾಡಿದರೆ ಆ ಗುರುತೇ ತಪ್ಪಾಗಿರಬಹುದು.

ಫೇಲ್‌ಸೇಫ್: ಸಿಗ್ನಲ್ ತಪ್ಪಿದರೆ, ಬ್ಯಾಟರಿ ಇಳಿದರೆ ಡ್ರೋನ್ ತಾನಾಗಿ ಏನು ಮಾಡಬೇಕು ಅಂತ ಮೊದಲೇ ಬರೆದಿಡೋ ಆದೇಶ. ಇದ್ದಲ್ಲೇ ಇಳಿಯಬಹುದು, ಇಲ್ಲವೇ ಹೊರಟಲ್ಲಿಗೆ ವಾಪಸ್ ಬರಬಹುದು. ಯಾವುದು ಸರಿ ಅನ್ನೋದು ಜಾಗದ ಮೇಲೆ ನಿಂತಿದೆ. ಕೆರೆಯ ಮೇಲೆ ಹಾರಿಸುವಾಗ "ಇದ್ದಲ್ಲೇ ಇಳಿ" ಅಂತ ಬರೆದಿಟ್ಟರೆ ಏನಾಗುತ್ತೆ ಅಂತ ನೀವೇ ಯೋಚಿಸಿ.

ರಿಟರ್ನ್ ಎತ್ತರ: ವಾಪಸ್ ಬರುವಾಗ ಏರಬೇಕಾದ ಎತ್ತರ. ನಮ್ಮ ಫ್ಲೈಟ್ ಕಂಟ್ರೋಲರಿನಲ್ಲಿ ಮೊದಲಿಂದಲೇ 15 ಮೀಟರ್ ಅಂತ ಇತ್ತು. ಬರೆದವರಿಗೆ ನಮ್ಮ ಕ್ಯಾಂಪಸ್ಸಿನ ಮರಗಳ ಎತ್ತರ ಗೊತ್ತಿರೋಕೆ ಸಾಧ್ಯ ಇಲ್ಲ. ಸುತ್ತಲಿನ ಅತಿ ಎತ್ತರದ ಮರ, ಕಟ್ಟಡ ನೋಡಿ ಅದಕ್ಕಿಂತ ಹೆಚ್ಚು ಇಡೋದು ನಮ್ಮ ಕೆಲಸ. ಆ ಒಂದು ಸಂಖ್ಯೆ ಬದಲಾಯಿಸೋಕೆ ಅರ್ಧ ನಿಮಿಷ ಸಾಕಿತ್ತು.

ಜಿಯೋಫೆನ್ಸ್: ಡ್ರೋನ್ ದಾಟಬಾರದು ಅಂತ ಸಾಫ್ಟ್‌ವೇರಿನಲ್ಲಿ ಹಾಕೋ ಬೇಲಿ. ದೂರಕ್ಕೂ ಹಾಕಬಹುದು, ಎತ್ತರಕ್ಕೂ ಹಾಕಬಹುದು.

ಆಕಾಶದ ಕಾನೂನು

2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳ ಪ್ರಕಾರ ತೂಕದ ಮೇಲೆ ಐದು ವರ್ಗ. 250 ಗ್ರಾಂವರೆಗೆ ನ್ಯಾನೋ, 2 ಕೆಜಿವರೆಗೆ ಮೈಕ್ರೋ, 25 ಕೆಜಿವರೆಗೆ ಸ್ಮಾಲ್, 150 ಕೆಜಿವರೆಗೆ ಮೀಡಿಯಂ, ಅದಕ್ಕೂ ಮೇಲೆ ಲಾರ್ಜ್. ಬ್ಯಾಟರಿ, ಕ್ಯಾಮೆರಾ ಎಲ್ಲ ಸೇರಿದ ತೂಕ ಇದು.

ಹಸಿರು, ಹಳದಿ, ಕೆಂಪು ವಲಯ: ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕಾಣೋ ಬಣ್ಣಗಳು. ಹಸಿರಿನಲ್ಲಿ 400 ಅಡಿವರೆಗೆ ಹಾರಾಟಕ್ಕೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಿದ್ದರೆ ಆ ಮಿತಿ 200 ಅಡಿ. ಹಳದಿಗೆ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ಬೆಂಗಳೂರಿನಲ್ಲಿ ದೇವನಹಳ್ಳಿ, ಎಚ್‌ಎಎಲ್, ಯಲಹಂಕ ವಾಯುನೆಲೆ ಎಲ್ಲ ಇರೋದರಿಂದ "ನಮ್ಮ ಕಾಲೇಜು ಮೈದಾನ ತಾನೇ" ಅಂತ ಅಂದುಕೊಳ್ಳೋ ಹಾಗಿಲ್ಲ. ನಕ್ಷೆ ಬದಲಾಗ್ತಾ ಇರುತ್ತೆ, ಪ್ರತಿ ಸಲವೂ ನೋಡಿಯೇ ಹಾರಿಸಬೇಕು.

ಯುಐಎನ್: ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ ಡ್ರೋನಿನ ಗುರುತಿನ ಸಂಖ್ಯೆ.

ರಿಮೋಟ್ ಪೈಲಟ್ ಸರ್ಟಿಫಿಕೇಟ್: 18ರಿಂದ 65 ವರ್ಷದೊಳಗಿನ, 10ನೇ ತರಗತಿ ಪಾಸಾದವರು ಡಿಜಿಸಿಎ ಒಪ್ಪಿದ ಸಂಸ್ಥೆಯಲ್ಲಿ ತರಬೇತಿ ಪಡೆದು ತಗೊಳ್ಳೋದು. ನ್ಯಾನೋಗೆ, ವಾಣಿಜ್ಯ ಬಳಕೆ ಇಲ್ಲದ ಮೈಕ್ರೋಗೆ ಇದು ಬೇಡ. ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಬೇರೆ, ಇದು ಬೇರೆ. ಎರಡನ್ನೂ ಒಂದೇ ಅಂತ ರೆಸ್ಯೂಮೆಯಲ್ಲಿ ಬರೆದರೆ ಇಂಟರ್‌ವ್ಯೂನಲ್ಲಿ ಸಿಕ್ಕಿಹಾಕಿಕೊಳ್ತೀರಿ.

ಸಂಶೋಧನಾ ವಿನಾಯಿತಿ: ನಮಗೆ ಅತಿ ಮುಖ್ಯವಾದದ್ದು ಇದು. ಸರ್ಕಾರದ ಮಾನ್ಯತೆ ಇರೋ ಶಿಕ್ಷಣ ಸಂಸ್ಥೆಗಳು ಸಂಶೋಧನೆ, ಅಭಿವೃದ್ಧಿಗಾಗಿ ಹಾರಿಸೋ ಡ್ರೋನಿಗೆ ಯುಐಎನ್, ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಹಾರಾಟ ಹಸಿರು ವಲಯದಲ್ಲಿ, ಸಂಸ್ಥೆಯ ಆವರಣದಲ್ಲೋ ಅದರ ಹಿಡಿತದಲ್ಲಿರೋ ಬಯಲಿನಲ್ಲೋ ನಡೆಯಬೇಕು. ಫೆಸ್ಟಿನಲ್ಲಿ ವಿಡಿಯೊ ತೆಗೆಯೋದು ಸಂಶೋಧನೆ ಅಲ್ಲ.

ಕೆಲಸಕ್ಕೆ ಬರೋ ಕೌಶಲ

"ಫ್ಯೂಚರ್ ಸ್ಕಿಲ್ಸ್" ಅನ್ನೋ ಪದವನ್ನು ಪ್ಲೇಸ್‌ಮೆಂಟ್ ಟ್ರೈನಿಂಗಿನಲ್ಲಿ ಕೇಳಿ ಕೇಳಿ ಸಾಕಾಗಿದೆ. ಒಂದು ನಿಜವಾದ ಉದಾಹರಣೆ ನೋಡೋಣ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗ್ರಾಮಠಾಣಾ ಜಾಗವನ್ನು ಡ್ರೋನ್‌ನಿಂದ ಅಳೆದು ಮನೆಯವರಿಗೆ ಆಸ್ತಿ ದಾಖಲೆ ಕೊಡೋದು ಉದ್ದೇಶ. ಡ್ರೋನ್ ಬರೋ ಮುಂಚೆ ಊರವರ ಎದುರಿಗೇ ಮನೆ, ಹಿತ್ತಲಿನ ಗಡಿಗೆ ಸುಣ್ಣದ ಗೆರೆ ಎಳೀತಾರೆ. ಆಮೇಲೆ ಹಾರಾಟ. ಒಂದರ ಮೇಲೊಂದು ಬರೋ ಹಾಗೆ ತೆಗೆದ ಫೋಟೊಗಳನ್ನು ಹೊಂದಿಸಿ ಅಳತೆಗೆ ಸರಿಯಾದ ಒಂದೇ ದೊಡ್ಡ ಚಿತ್ರ ಮಾಡ್ತಾರೆ, ಇದಕ್ಕೆ ಆರ್ಥೋಮೊಸಾಯಿಕ್ ಅಂತ ಹೆಸರು. ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಉದ್ದಕ್ಕೆ ಸಮ ಅನ್ನೋದು ಜಿಎಸ್‌ಡಿ. ಅದೇ ಕ್ಯಾಮೆರಾದಲ್ಲಿ ಎರಡು ಪಟ್ಟು ಎತ್ತರಕ್ಕೆ ಹೋದರೆ ಜಿಎಸ್‌ಡಿಯೂ ಎರಡು ಪಟ್ಟು, ಅಂದರೆ ವಿವರ ಕಡಿಮೆ. ಮಾಮೂಲಿ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತೆ, ನೆಲದ ಸ್ಟೇಷನ್ ನೆರವಿನ ಆರ್‌ಟಿಕೆ ಅದನ್ನು ಕೆಲವು ಸೆಂಟಿಮೀಟರಿಗೆ ಇಳಿಸುತ್ತೆ. ಇಬ್ಬರು ಅಣ್ಣತಮ್ಮಂದಿರ ಗೋಡೆ ಜಗಳದಲ್ಲಿ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಹಳ್ಳಿಯಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಗಮನಿಸಿ, ಹಾರಿಸೋದು ಕೆಲಸದ ಒಂದು ತುಂಡು ಅಷ್ಟೇ. ಅಳತೆ, ಡೇಟಾ, ನಕ್ಷೆ, ಜನರ ಜೊತೆ ಮಾತು, ಇವು ಉಳಿದ ತುಂಡುಗಳು. ಸಿವಿಲ್‌ನವರಿಗೂ ಸಿಎಸ್‌ನವರಿಗೂ ಇದರಲ್ಲಿ ಜಾಗ ಇದೆ. ಸ್ವಸಹಾಯ ಸಂಘದ 15,000 ಗುಂಪುಗಳಿಗೆ ಅಂತ 2023ರಲ್ಲಿ ಒಪ್ಪಿಗೆ ಪಡೆದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15 ದಿನದ ತರಬೇತಿ ಇದೆ: 5 ದಿನ ಪೈಲಟ್ ಪಾಠ, 10 ದಿನ ಗೊಬ್ಬರ, ಔಷಧಿ ಸಿಂಪಡಿಸೋ ಕೃಷಿ ಪಾಠ. ಹಾರಿಸೋದಕ್ಕಿಂತ ಎರಡು ಪಟ್ಟು ಸಮಯ, ಯಾಕೆ ಹಾರಿಸ್ತಿದ್ದೀವಿ ಅನ್ನೋದಕ್ಕೆ!

ಕೊನೆಯದಾಗಿ

ಈಗ ನಮ್ಮ ಟೀಮಿನಲ್ಲಿ ಒಂದು ಪದ್ಧತಿ ಇದೆ. ಯಾವುದೇ ಪದ ಕಲಿತರೂ ಮೂರು ಪ್ರಶ್ನೆ ಕೇಳ್ಕೋತೀವಿ. ಇದರ ಅರ್ಥ ಏನು? ನಮ್ಮ ಡ್ರೋನಿನಲ್ಲಿ ಇದರ ಬೆಲೆ ಎಷ್ಟು? ಅದು ತಪ್ಪಾದರೆ ಯಾರ ತಲೆ ಮೇಲೆ ಬೀಳುತ್ತೆ? ಮೊದಲ ಪ್ರಶ್ನೆಗೆ ವಿಡಿಯೊ ಸಾಕು. ಎರಡನೆಯದಕ್ಕೆ ಕೇಬಲ್ ಚುಚ್ಚಿ ಸೆಟ್ಟಿಂಗ್ ತೆಗೆದು ನೋಡಬೇಕು. ಮೂರನೆಯದಕ್ಕೆ ಸ್ಕ್ರೀನ್ ಬಿಟ್ಟು ಮೈದಾನಕ್ಕೆ ಹೋಗಿ ತಲೆ ಎತ್ತಿ ನೋಡಬೇಕು.

ಹೊಸ ಡ್ರೋನ್ ತಯಾರಾಗಿದೆ. ರಿಟರ್ನ್ ಎತ್ತರ 30 ಮೀಟರ್ ಇಟ್ಟಿದ್ದೇವೆ. ಹಾರಿಸೋ ದಿನ ಮರದ ಕೆಳಗೆ ಯಾರೂ ಕೂರದ ಹಾಗೆ ಹಗ್ಗ ಕಟ್ಟುತ್ತೇವೆ. ಆ ಹಗ್ಗದ ಒಂದು ತುದಿ ಹಿಡಿಯೋದು ಅದೇ ತೋಟದ ಅಣ್ಣ. "ವಾಪಸ್ ಬರೋ ದಾರಿ ಹೇಳ್ಕೊಟ್ರಾ?" ಅಂತ ಅವರು ಪ್ರತಿ ಸಲ ಕೇಳ್ತಾರೆ. ಚೆಕ್‌ಲಿಸ್ಟಿನ ಮೊದಲ ಸಾಲು ಈಗ ಅದೇ.